ಕಿವಿ ನಾಯಿಯದು, ಆಸೆ ನಮ್ಮದು

ಡಾಬರ್‌ಮನ್ ನಾಯಿಯ ಚಿತ್ರ ಬರೆಯಿರಿ ಎಂದು ಮಕ್ಕಳಿಗೆ ಹೇಳಿ ನೋಡಿ. ನಾಯಿಯನ್ನು ಹತ್ತಿರದಿಂದ ಕಂಡವರಿರಲಿ, ಸಿನಿಮಾದಲ್ಲಷ್ಟೇ ಕಂಡವರಿರಲಿ, ಈಟಿಯ ಮೊನೆಯಂತೆ ನೆಟ್ಟಗೆ ನಿಂತ ಎರಡು ಕಿವಿಗಳನ್ನು ಬರೆಯಲು ಮಾತ್ರ ಯಾರೂ ಮರೆಯುವುದಿಲ್ಲ. ಆ ಕಿವಿ ಹುಟ್ಟಿನಿಂದ ಬಂದದ್ದಲ್ಲ, ಕತ್ತರಿಯಿಂದ ಬಂದದ್ದು ಎಂದರೆ ಮಕ್ಕಳು ನಂಬುವುದೇ ಇಲ್ಲ. ದೊಡ್ಡವರಲ್ಲೂ ಅನೇಕರಿಗೆ ಇದು ಗೊತ್ತಿಲ್ಲ. ಹೈಸ್ಕೂಲಿನಲ್ಲಿ ಬಹಳ ವರ್ಷ ಜೀವಶಾಸ್ತ್ರದ ಪಾಠ ಹೇಳಿದ ನನಗೆ ಈ ಅನುಭವ ಹಲವು ಸಲ ಆಗಿದೆ.

ನಿಜ ಸಂಗತಿ ಇಷ್ಟು. ಡಾಬರ್‌ಮನ್, ಬಾಕ್ಸರ್, ಗ್ರೇಟ್ ಡೇನ್ ಈ ಮೂರೂ ತಳಿಗಳ ಕಿವಿ ಸಹಜವಾಗಿ ಅಗಲ ಎಲೆಯ ಹಾಗೆ ಕೆನ್ನೆಯ ಪಕ್ಕಕ್ಕೆ ಜೋತುಬಿದ್ದಿರುತ್ತದೆ. ಮರಿಗೆ ಸುಮಾರು ಏಳರಿಂದ ಹನ್ನೆರಡು ವಾರವಾದಾಗ ಅರಿವಳಿಕೆ ಕೊಟ್ಟು, ಹೊರಕಿವಿಯ ಒಂದು ಭಾಗವನ್ನು ಕತ್ತರಿಸಿ, ಅಂಚಿಗೆ ಹೊಲಿಗೆ ಹಾಕುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಕಿವಿ ನೆಟ್ಟಗೆ ನಿಲ್ಲಲೆಂದು ಪಟ್ಟಿ ಸುತ್ತಿ ಆಧಾರ ಕೊಟ್ಟು ಹಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಬಿಗಿದಿಡಬೇಕು. ಪಟ್ಟಿಯನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟಬೇಕು. ಗಾಯ ಕೀವು ಕಟ್ಟದಂತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಪಾಡುಪಟ್ಟ ಮೇಲೂ ಒಂದು ಕಿವಿ ನಿಂತು ಇನ್ನೊಂದು ಮಲಗುವುದುಂಟು.

ನಮ್ಮ ಬೀದಿಯ ಒಂದು ಮನೆಯಲ್ಲಿ ಹಿಂದೊಮ್ಮೆ ಈ ವಿಷಯ ದೊಡ್ಡ ಚರ್ಚೆಗೇ ಕಾರಣವಾಯಿತು. ಮಗ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದರೆ ನಾಯಿಮರಿ ತಂದುಕೊಡುವುದಾಗಿ ತಂದೆ ಮಾತು ಕೊಟ್ಟಿದ್ದರು. ಅವನು ತೆಗೆದ, ಅವರೂ ಮಾತು ಉಳಿಸಿಕೊಂಡರು. ಡಾಬರ್‌ಮನ್ ಮರಿ ಬಂತು. ಕಿವಿ ಇನ್ನೂ ಕತ್ತರಿಸಿರಲಿಲ್ಲ. ಮರಿ ಕೊಟ್ಟವನು, ‘ಹದಿನೈದು ದಿನದೊಳಗೆ ಮಾಡಿಸಿಬಿಡಿ ಸಾರ್, ಆಮೇಲೆ ಕಿವಿ ನಿಲ್ಲಲ್ಲ’ ಎಂದು ಹೇಳಿ ಕಳಿಸಿದ್ದ. ಮಗ ಬೇಡವೆಂದು ಹಟ ಹಿಡಿದ. ತಂದೆ, ‘ಜೋಲುಕಿವಿ ಬಿಟ್ಟರೆ ಅದು ಡಾಬರ್‌ಮನ್ ಅಂತ ಯಾರು ಅಂತಾರೆ?’ ಎಂದರು. ಜೀವಶಾಸ್ತ್ರದ ಮೇಷ್ಟ್ರೆಂಬ ಕಾರಣಕ್ಕೆ ಪಂಚಾಯ್ತಿಗೆ ನನ್ನನ್ನು ಕರೆದರು.

ಆ ತಂದೆ ಕೆಟ್ಟವರಲ್ಲ. ಮರಿಗೆ ಹಾಲು ಬಿಸಿಯಿದೆಯೋ ತಣ್ಣಗಿದೆಯೋ ಎಂದು ಬೆರಳಿಟ್ಟು ನೋಡಿಯೇ ಕುಡಿಸುತ್ತಿದ್ದವರು. ಅವರು ಹೇಳಿದ ಕಾರಣಗಳನ್ನೇ ಪ್ರಪಂಚದ ಅನೇಕ ಕಡೆ ಕಿವಿ ಕತ್ತರಿಸುವವರೂ ಹೇಳುತ್ತಾರೆ. ಆದ್ದರಿಂದ ಅವನ್ನು ಒಂದೊಂದಾಗಿ ನೋಡುವುದು ನ್ಯಾಯ.

ಮೊದಲನೆಯದು, ಇದು ತಳಿಯ ಪರಂಪರೆ ಎಂಬುದು. ಹಿಂದೆ ಕಾಡುಹಂದಿ ಬೇಟೆಗೆ, ಕಾವಲಿಗೆ ಬಳಸುತ್ತಿದ್ದ ನಾಯಿಗಳ ಜೋಲುಕಿವಿ ಕಾಳಗದಲ್ಲಿ ಹರಿಯುತ್ತಿತ್ತು. ಎದುರಾಳಿಗೆ ಹಿಡಿಯಲು ಅದೊಂದು ಜುಟ್ಟು ಸಿಕ್ಕಂತೆ. ಹಾಗಾಗಿ ಮೊದಲೇ ಕತ್ತರಿಸುತ್ತಿದ್ದರು. ಆ ಕಾಲಕ್ಕೆ ಅದಕ್ಕೊಂದು ಅರ್ಥವಿತ್ತು ಎಂದೇ ಇಟ್ಟುಕೊಳ್ಳೋಣ. ಇಂದು ಬಡಾವಣೆಯ ಮನೆಯ ಗೇಟಿನೊಳಗೆ ಮಲಗುವ ನಾಯಿ ಯಾವ ಹಂದಿಯೊಡನೆ ಕಾದಾಡಬೇಕು?

ಪರಂಪರೆಯ ಮಾತು ಬಂದಾಗ ಒಂದು ಸ್ವಾರಸ್ಯ ಹೇಳಬೇಕು. ಡಾಬರ್‌ಮನ್ ತಳಿ ರೂಪುಗೊಂಡದ್ದು ಜರ್ಮನಿಯ ಅಪೋಲ್ಡಾ ಎಂಬ ಊರಿನಲ್ಲಿ, 19ನೇ ಶತಮಾನದ ಕೊನೆಯ ಭಾಗದಲ್ಲಿ. ತೆರಿಗೆ ವಸೂಲಿ ಮಾಡುತ್ತಿದ್ದ ಕಾರ್ಲ್ ಫ್ರೀಡ್ರಿಷ್ ಲೂಯಿ ಡೋಬರ್‌ಮನ್ ಎಂಬಾತ ತನ್ನ ರಕ್ಷಣೆಗೆಂದು ಬೆಳೆಸಿದ ನಾಯಿ ಇದು. ಅದೇ ಜರ್ಮನಿ 1987ರಲ್ಲಿ ಕಿವಿ ಕತ್ತರಿಸುವುದನ್ನು ನಿಷೇಧಿಸಿತು. ತಳಿಯ ತವರುಮನೆಯೇ ಬಿಟ್ಟ ಪರಂಪರೆಯನ್ನು ನಾವು ಹೊತ್ತು ತಿರುಗುತ್ತಿದ್ದೇವೆ. ಅದೇ 1987ರಲ್ಲಿ ಸಾಕುಪ್ರಾಣಿಗಳ ರಕ್ಷಣೆಗಾಗಿ ಯುರೋಪಿನಲ್ಲಿ ರೂಪಿಸಿದ ಒಪ್ಪಂದವೂ ಅಂದಕ್ಕಾಗಿ ಕಿವಿ, ಬಾಲ ಕತ್ತರಿಸುವುದನ್ನು ವಿರೋಧಿಸಿತು. ಇಂಗ್ಲೆಂಡಿನಲ್ಲಂತೂ ಈ ವಿವಾದ 1890ರ ದಶಕದಷ್ಟು ಹಳೆಯದು. ಆಗ ಯುವರಾಜನಾಗಿದ್ದು ಮುಂದೆ ಏಳನೇ ಎಡ್ವರ್ಡ್ ದೊರೆಯಾದವನು ಈ ಪದ್ಧತಿಯನ್ನು ವಿರೋಧಿಸಿದ. ಅಲ್ಲಿನ ಕೆನಲ್ ಕ್ಲಬ್ಬು ಕಿವಿ ಕತ್ತರಿಸಿದ ನಾಯಿಗಳನ್ನು ಪ್ರದರ್ಶನದಿಂದ ಹೊರಗಿಟ್ಟಿತು.

ಅಮೆರಿಕದಲ್ಲಿ ಮಾತ್ರ ಜಗಳ ಇನ್ನೂ ತೀರಿಲ್ಲ. ಅಲ್ಲಿನ ಪಶುವೈದ್ಯರ ಸಂಘ ಬರಿಯ ಅಂದಕ್ಕಾಗಿ ಕಿವಿ ಕತ್ತರಿಸುವುದನ್ನು 2008ರಲ್ಲಿ ಸ್ಪಷ್ಟವಾಗಿ ವಿರೋಧಿಸಿತು. ಅಲ್ಲಿಯದೇ ಕೆನಲ್ ಕ್ಲಬ್ಬು, ಇದು ತಳಿಯ ಗುಣಲಕ್ಷಣವನ್ನು ಉಳಿಸುವ ಒಪ್ಪತಕ್ಕ ಪದ್ಧತಿ ಎನ್ನುತ್ತದೆ.

ಎರಡನೆಯ ಕಾರಣ ಆರೋಗ್ಯ. ಕಿವಿ ನಿಂತರೆ ಗಾಳಿಯಾಡುತ್ತದೆ, ಸೋಂಕು ಬರುವುದಿಲ್ಲವಂತೆ. ಕೇಳಲು ಚೆನ್ನಾಗಿದೆ. ಆದರೆ ಉದ್ದನೆಯ, ಕೂದಲು ತುಂಬಿದ ಕಿವಿಯಿಂದ ಸೋಂಕಿಗೆ ಸುಲಭವಾಗಿ ತುತ್ತಾಗುವುದು ಕಾಕರ್ ಸ್ಪೇನಿಯಲ್ ನಾಯಿ. ಅದರ ಕಿವಿಯನ್ನು ಯಾರೂ ಕತ್ತರಿಸುವುದಿಲ್ಲ, ಯಾಕೆಂದರೆ ಅದಕ್ಕೆ ಜೋಲುಕಿವಿಯೇ ಚಂದ! ಆರೋಗ್ಯವೇ ಕಾರಣವಾಗಿದ್ದರೆ ಕತ್ತರಿ ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಮೂರನೆಯದು ಕಾವಲು. ‘ಕಳ್ಳ ನೋಡಿದ ಕೂಡಲೇ ಹೆದರಬೇಕು’ ಎಂದರು ತಂದೆ. ಅಷ್ಟು ಹೊತ್ತು ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಅಜ್ಜಿ ತಲೆ ಎತ್ತಿ, ‘ಅಲ್ಲಪ್ಪಾ, ಕಳ್ಳ ಬರೋದು ಕತ್ತಲಲ್ಲಿ. ಅವನು ಕಿವಿ ನೋಡಿ ಹೆದರ್ತಾನೋ, ಬೊಗಳಿದ್ದು ಕೇಳಿ ಹೆದರ್ತಾನೋ?’ ಎಂದರು. ನಾನು ಓದಿದ ಪುಸ್ತಕಗಳಲ್ಲಿ ಇದಕ್ಕಿಂತ ಚೆನ್ನಾದ ಉತ್ತರ ಇರಲಿಲ್ಲ. ನಮ್ಮ ಮುಧೋಳ ನಾಯಿಯನ್ನೇ ನೋಡಿ. ಮಡಿಚಿ ಇಳಿಬಿದ್ದ ಕಿವಿಯಲ್ಲೇ ಬೇಟೆಗೆ ಹೆಸರಾಯಿತು. 2016ರಲ್ಲಿ ಭಾರತೀಯ ಸೇನೆ ಮುಧೋಳ ಮರಿಗಳನ್ನು ಮೀರತ್‌ನ ತನ್ನ ಕೇಂದ್ರಕ್ಕೆ ತರಬೇತಿಗೆಂದು ಕರೆದೊಯ್ದಾಗ ಕಿವಿಯನ್ನು ನೋಡಿ ಆರಿಸಲಿಲ್ಲ.

ಇನ್ನು ಹುಡುಗನ ವಾದ. ‘ಅದು ಕಿವಿಯಲ್ಲೇ ಮಾತಾಡುತ್ತೆ ಅಂತ ನೀವೇ ಹೇಳಿದ್ರಲ್ಲ ಸಾರ್?’ ಎಂದ. ಹೇಳಿದ್ದೆ, ನಿಜ. ನಾಯಿಯ ಕಿವಿಯನ್ನು ಅಲ್ಲಾಡಿಸಲು ಹನ್ನೆರಡಕ್ಕೂ ಹೆಚ್ಚು ಸ್ನಾಯುಗಳಿವೆ. ಹೆದರಿದಾಗ ಕಿವಿ ತಲೆಗೆ ಅಂಟಿಕೊಳ್ಳುತ್ತದೆ. ಕುತೂಹಲವಾದಾಗ ಮುಂದಕ್ಕೆ ಬಾಗುತ್ತದೆ. ಸಮಾಧಾನದಲ್ಲಿದ್ದಾಗ ಸಡಿಲಾಗಿ ಪಕ್ಕಕ್ಕೆ ಬೀಳುತ್ತದೆ. ‘ಸಾಕು, ಹತ್ತಿರ ಬರಬೇಡ’ ಎನ್ನುವುದನ್ನು ನಾಯಿ ಮೊದಲು ಹೇಳುವುದು ಕಿವಿ, ಬಾಲ, ಮೈಯ ಬಿಗಿತದಲ್ಲಿ. ಹಲ್ಲು ಬರುವುದು ಕೊನೆಗೆ. ಈ ಭಾಷೆಯನ್ನು ಬೇರೆ ನಾಯಿಗಳೂ ಓದುತ್ತವೆ, ಕಲಿತರೆ ಮಕ್ಕಳೂ ಓದಬಲ್ಲರು. ಕತ್ತರಿಸಿ ನಿಲ್ಲಿಸಿದ ಕಿವಿ ಸದಾ ಕೆರಳಿದಂತೆಯೇ ಕಾಣುತ್ತದೆ, ಒಳಗಿನ ನಾಯಿ ಎಷ್ಟೇ ಸಾಧುವಾಗಿರಲಿ. ನಾಯಿಯ ಬಾಲವನ್ನು ನಳಿಗೆಯಲ್ಲಿಟ್ಟರೂ ಡೊಂಕೇ ಎಂಬ ಗಾದೆ ಕಟ್ಟಿದ ನಮ್ಮ ಹಿರಿಯರು, ಇದ್ದದ್ದನ್ನು ಇದ್ದಂತೆ ಒಪ್ಪಿಕೊಳ್ಳುವ ವಿವೇಕವನ್ನೂ ಅದರಲ್ಲಿ ಇಟ್ಟಿದ್ದರೇನೋ!

ತಂದೆ ಆ ದಿನ ಏನೂ ಹೇಳಲಿಲ್ಲ. ಮಾರನೆಯ ವಾರ ಲಸಿಕೆಗೆಂದು ಪಶುವೈದ್ಯರ ಬಳಿ ಹೋದಾಗ ಕಿವಿಯ ಮಾತು ಎತ್ತದೆ ವಾಪಸು ಬಂದರು. ಕೆಲವು ತಿಂಗಳಾದ ಮೇಲೆ ಯಾರೋ ನೆಂಟರು, ‘ಇದೇನು, ಲ್ಯಾಬ್ರಡಾರ್ ಮಿಕ್ಸಾ?’ ಎಂದು ಕೇಳಿದಾಗ, ‘ಅಲ್ಲ, ಇದೇ ಅಸಲಿ ಡಾಬರ್‌ಮನ್’ ಎಂದು ಅವರೇ ವಾದಿಸುತ್ತಿದ್ದುದು ನನ್ನ ಕಿವಿಗೂ ಬಿತ್ತು.

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಸುಮ್ಮನೆ ಬಿಡಲಿಲ್ಲ. ಒಬ್ಬ, ‘ಬೀದಿನಾಯಿ ಕಿವೀನೂ ಕತ್ತರಿಸಿರ್ತಾರಲ್ಲ ಸಾರ್?’ ಎಂದ. ಒಳ್ಳೆಯ ಪ್ರಶ್ನೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೀದಿನಾಯಿಯ ಕಿವಿಯ ತುದಿಯಲ್ಲಿ, ಅರಿವಳಿಕೆಯಲ್ಲಿರುವಾಗಲೇ, ಚಿಕ್ಕದೊಂದು ಗುರುತು ಮಾಡುತ್ತಾರೆ. ಅದನ್ನು ನೋಡಿ ನಾಯಿಯನ್ನು ಮತ್ತೆ ಹಿಡಿದು ಮತ್ತೆ ಹೊಟ್ಟೆ ಕೊಯ್ಯುವುದು ತಪ್ಪುತ್ತದೆ. ಆ ಕತ್ತರಿಯಿಂದ ನಾಯಿಗೂ ಒಂದು ಉಪಕಾರವಿದೆ. ಅಂದದ ಕತ್ತರಿಯಲ್ಲಿ ಅದಕ್ಕೇನಿದೆ?

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ನಮ್ಮನ್ನೂ ಕೇಳದೆ ಕಿವಿ ಚುಚ್ಚಿಸಿದ್ದಾರಲ್ಲ ಸಾರ್?’ ಎಂದಳು. ತರಗತಿ ನಕ್ಕಿತು. ಚುಚ್ಚುವುದೂ ಕತ್ತರಿಸುವುದೂ ಒಂದೇ ಅಲ್ಲ, ಓಲೆ ಬೇಡವೆಂದರೆ ನಾಳೆ ತೆಗೆದಿಡಬಹುದು ಎಂದೆ. ಆದರೂ ಅವಳ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಮಾತು ಬಾರದವರ ಮೈಮೇಲೆ ನಮ್ಮ ಇಷ್ಟವನ್ನು ಎಷ್ಟು ದೂರ ನಡೆಸಬಹುದು ಎಂಬುದೇ ಅವಳ ಪ್ರಶ್ನೆಯ ತಿರುಳು. ಈ ಚರ್ಚೆಯ ತಿರುಳೂ ಅದೇ.

ಕಾನೂನಿಲ್ಲವೇ ಎಂದು ಕೇಳಬಹುದು. ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಾಣಿಯ ಅಂಗವನ್ನು ಊನಗೊಳಿಸುವುದನ್ನು ಅಪರಾಧವೆನ್ನುತ್ತದೆ. ಆದರೆ ಮೊದಲ ಅಪರಾಧಕ್ಕೆ ಆ ಕಾಯ್ದೆಯಲ್ಲಿ ಬರೆದ ದಂಡ 10ರಿಂದ 50 ರೂಪಾಯಿ. 2017ರಲ್ಲಿ ಕೇಂದ್ರ ಸರ್ಕಾರ ತಂದ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳೂ ಕಿವಿ, ಬಾಲ ಕತ್ತರಿಸುವುದಕ್ಕೆ ವಿರುದ್ಧವಾಗಿವೆ. ಆದರೆ ಮರಿ ಮಾರುವವನು ಕಾನೂನಿನ ಪುಸ್ತಕಕ್ಕಿಂತ ಹೆಚ್ಚಾಗಿ ಗಿರಾಕಿಯ ಮುಖ ನೋಡುತ್ತಾನೆ. ಚೂಪುಕಿವಿಯ ಮರಿಗೆ ಹೆಚ್ಚು ಬೆಲೆ ಬರುವವರೆಗೂ ಕತ್ತರಿ ನಿಲ್ಲುವುದಿಲ್ಲ.

ಆದ್ದರಿಂದ ಮರಿ ಕೊಡಿಸುವ ತಂದೆತಾಯಿಯರಿಗೆ, ಕೊಡಿಸಿ ಎಂದು ಕಾಡುವ ಮಕ್ಕಳಿಗೆ ನನ್ನದೊಂದು ಮಾತು. ಮರಿ ಗೊತ್ತುಮಾಡುವ ದಿನವೇ, ಮುಂಗಡ ಹಣ ಕೊಡುವ ಮೊದಲೇ, ‘ಇದರ ಕಿವಿ, ಬಾಲ ಇದ್ದ ಹಾಗೇ ಇರಲಿ, ಹಾಗಿದ್ದರೆ ಮಾತ್ರ ನಮಗೆ ಬೇಕು’ ಎಂದು ಹೇಳಿಬಿಡಿ. ಮರಿ ಮನೆಗೆ ಬಂದ ಮೇಲೆ ಮರುಗಿದರೆ ಪ್ರಯೋಜನವಿಲ್ಲ. ಕತ್ತರಿಸಿದ ಕಿವಿ ಮತ್ತೆ ಬೆಳೆಯುವುದಿಲ್ಲ.