ಕೊನೆಯ ಬೆಂಚಿನ ಲೆಕ್ಚರರ್

ನನ್ನ ಹುದ್ದೆಯ ಹೆಸರು ಇನ್‌ಸ್ಟ್ರಕ್ಟರ್. ಸೇರಿಸಿಕೊಂಡದ್ದು ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ. ಬೆಸುಗೆ ಹಾಕಲು, ಆಸಿಲೋಸ್ಕೋಪ್ ರಿಪೇರಿ ಮಾಡಲು ಬರುತ್ತದೆ ಎಂದು ಗೊತ್ತಾದ ಮೇಲೆ ಕಾಲೇಜಿನಲ್ಲಿ ಪ್ಲಗ್ ಇರುವ ಯಾವ ವಸ್ತು ಕೆಟ್ಟರೂ ನನಗೇ ಬುಲಾವ್. ಹಾಗೆ ತೊಂಬತ್ತರ ದಶಕದ ಕೊನೆಯಲ್ಲಿ ಎ.ವಿ. (ಆಡಿಯೋ-ವಿಷುವಲ್) ರೂಮಿನ ಬೀಗದ ಕೈಯೂ ನನ್ನ ಜೇಬಿಗೆ ಬಂತು. ಮಲೆನಾಡಿನ ಅಂಚಿನ ಊರು, ಖಾಸಗಿ ಆಡಳಿತ ಮಂಡಳಿಯ ಇಂಜಿನಿಯರಿಂಗ್ ಕಾಲೇಜು.

ಆಗ ಎ.ವಿ. ರೂಮ್ ಎಂದರೆ ಓಎಚ್‌ಪಿ ಎಂಬ ಓವರ್‌ಹೆಡ್ ಪ್ರೊಜೆಕ್ಟರ್, ಸ್ಲೈಡ್ ಪ್ರೊಜೆಕ್ಟರ್, ಒಂದು ಟಿವಿ, ಒಂದು ವಿಸಿಆರ್. ಇವುಗಳಲ್ಲಿ ನಿತ್ಯ ದುಡಿಯುತ್ತಿದ್ದದ್ದು ಓಎಚ್‌ಪಿ ಒಂದೇ. ಲೆಕ್ಚರರುಗಳು ಪಾರದರ್ಶಕ ಹಾಳೆಯ ಮೇಲೆ ಮಾರ್ಕರಿನಲ್ಲಿ ಬರೆದು ತರುತ್ತಿದ್ದರು. ಪಾಠ ಮುಗಿದ ತಕ್ಷಣ ಮೇನ್ ಸ್ವಿಚ್ಚನ್ನೇ ಆರಿಸಿ ಹೊರಡುವುದು ಅವರ ಅಭ್ಯಾಸ. ದೀಪ ಆರಿದ ಮೇಲೂ ಫ್ಯಾನು ಸ್ವಲ್ಪ ಹೊತ್ತು ತಿರುಗಬೇಕು, ಇಲ್ಲದಿದ್ದರೆ ಹ್ಯಾಲೊಜೆನ್ ಬಲ್ಬಿನ ಆಯಸ್ಸು ಅರ್ಧ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಹೊಸ ಬಲ್ಬನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ತಾಗಿದ ಕಡೆ ಗಾಜು ವಿಪರೀತ ಕಾದು ಬಿರಿಯುತ್ತದೆ. ಕರವಸ್ತ್ರದಲ್ಲಿ ಹಿಡಿದು ಕೂರಿಸಬೇಕು. ಒಂದು ಬಲ್ಬಿನ ಬೆಲೆ ಕೇಳಿದರೆ ಆಫೀಸಿನ ಮ್ಯಾನೇಜರು ಅದು ನನ್ನ ಮನೆಗೆ ಬೇಕಾದದ್ದೋ ಎಂಬಂತೆ ನೋಡುತ್ತಿದ್ದರು.

ಅದೇ ಕಾಲಕ್ಕೆ, 1998ರಲ್ಲಿ, ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಶುರುವಾಯಿತು. ಅಲ್ಲಿಯವರೆಗೆ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳು ಬೆಂಗಳೂರು, ಮೈಸೂರು, ಮಂಗಳೂರು, ಕರ್ನಾಟಕ, ಗುಲ್ಬರ್ಗ, ಕುವೆಂಪು ಎಂದು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಹಂಚಿಹೋಗಿದ್ದವು. ಒಂದೊಂದರದೂ ಒಂದೊಂದು ಸಿಲೆಬಸ್. ವಿಟಿಯು ಬಂದ ಮೇಲೆ ಬೀದರಿನ ಹುಡುಗನೂ ಮಂಗಳೂರಿನ ಹುಡುಗಿಯೂ ಒಂದೇ ಸೆಮಿಸ್ಟರಿನಲ್ಲಿ ಒಂದೇ ಯೂನಿಟ್ಟು ಓದುವಂತಾಯಿತು. ಮುಂದೆ ಆದದ್ದಕ್ಕೆಲ್ಲ ಇದೇ ಬುನಾದಿ ಎಂದು ನನ್ನ ಲೆಕ್ಕ. ಸಿಲೆಬಸ್ ಒಂದೇ ಆಗದೆ ಒಬ್ಬ ಮೇಷ್ಟ್ರು ಇಡೀ ರಾಜ್ಯಕ್ಕೆ ಪಾಠ ಮಾಡುವ ಮಾತೇ ಹುಟ್ಟುತ್ತಿರಲಿಲ್ಲ.

ಇನ್ನೊಂದು ಕಾರಣವನ್ನು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಾಲೇಜುಗಳು ಹೆಚ್ಚಿದಷ್ಟು ವೇಗದಲ್ಲಿ ಮೇಷ್ಟ್ರುಗಳು ಹೆಚ್ಚಲಿಲ್ಲ. ಸಾಫ್ಟ್‌ವೇರ್ ಕಂಪನಿಗಳು ಬೆಂಗಳೂರಿನಲ್ಲಿ ಕೈಬೀಸಿ ಕರೆಯುತ್ತಿದ್ದಾಗ ಬಿ.ಇ. ಮುಗಿಸಿದವರು ನಮ್ಮ ಮಳೆಯೂರಿಗೆ ಯಾಕೆ ಬರುತ್ತಾರೆ? ಬಂದವರಲ್ಲಿ ಹೆಚ್ಚಿನವರು ಹೋದ ವರ್ಷ ಪಾಸಾದವರು. ಜೂನ್‌ನಲ್ಲಿ ರಿಸಲ್ಟು, ಆಗಸ್ಟ್‌ನಲ್ಲಿ ಕೈಗೆ ಚಾಕ್‌ಪೀಸು. ತಾವೇ ಚಾಯ್ಸಿನಲ್ಲಿ ಬಿಟ್ಟಿದ್ದ ಯೂನಿಟ್ಟನ್ನು ಅರವತ್ತು ಜನರ ಮುಂದೆ ನಿಂತು ಪಾಠ ಮಾಡಬೇಕು.

ಈ ಹೊತ್ತಿಗೆ ಉಪಗ್ರಹ ಬಂತು. ಇಸ್ರೋದವರು ಮೊದಲು ಇನ್ಸಾಟ್-3ಬಿ ಮೂಲಕ ಪಾಠ ಪ್ರಸಾರದ ಪ್ರಯೋಗ ಮಾಡಿದರು. ಅದಕ್ಕೆ ಆಯ್ಕೆಯಾದ ವಿಶ್ವವಿದ್ಯಾಲಯಗಳಲ್ಲಿ ವಿಟಿಯು ಒಂದು. ಆಮೇಲೆ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಎಜುಸ್ಯಾಟ್ ಹಾರಿತು. ಶಿಕ್ಷಣಕ್ಕೆಂದೇ ಮೀಸಲಾದ ದೇಶದ ಮೊದಲ ಉಪಗ್ರಹ, 1,950 ಕಿಲೋ ತೂಕ. ನಮ್ಮ ಪಾಲಿಗೆ ಬಂದದ್ದು ತಾರಸಿಯ ಮೇಲೊಂದು ಡಿಶ್, ಕೆಳಗೊಂದು ಪೆಟ್ಟಿಗೆ, ಪ್ರೊಜೆಕ್ಟರು. ಸಮಭಾಜಕದ ಮೇಲಿನ ಉಪಗ್ರಹ ನಮ್ಮ ಸೀಮೆಯವರಿಗೆ ಹೆಚ್ಚೂಕಡಿಮೆ ನೆತ್ತಿಯ ಹತ್ತಿರವೇ ಇರುವುದರಿಂದ ಡಿಶ್ಶನ್ನು ಆಕಾಶಕ್ಕೆ ಮುಖ ಮಾಡಿ ಒರಗಿಸಬೇಕಿತ್ತು. ಸಿಲ್ವರ್ ಓಕಿನ ಎಲೆ, ಕಾಗೆಯ ಹಿಕ್ಕೆ, ಮಳೆನೀರು ಎಲ್ಲಕ್ಕೂ ಅದೇ ತಟ್ಟೆ.

ಪಾಠ ಬರುತ್ತಿದ್ದ ಕೆಯು ಬ್ಯಾಂಡಿಗೂ ಮಲೆನಾಡಿನ ಮಳೆಗೂ ಆಗಿಬರುವುದಿಲ್ಲ. ಆ ತರಂಗಗಳನ್ನು ಮಳೆಹನಿ ಹೀರಿಕೊಳ್ಳುತ್ತದೆ. ಜುಲೈಯಲ್ಲಿ ಆಗುಂಬೆ ಕಡೆಯಿಂದ ಮೋಡ ಏರಿತೆಂದರೆ ಪರದೆಯ ಮೇಲೆ ಮೇಷ್ಟ್ರ ಮುಖ ಮೊದಲು ಚೌಕ ಚೌಕವಾಗಿ ಒಡೆಯುವುದು, ಆಮೇಲೆ ಬಾಯಿ ತೆರೆದಂತೆಯೇ ನಿಂತುಬಿಡುವುದು. ನಾನು ಕೊಡೆ ಹಿಡಿದು ತಾರಸಿಗೆ ಓಡುತ್ತಿದ್ದೆ. ಕೆಳಗಿನಿಂದ ನಮ್ಮ ಅಟೆಂಡರು, "ಮಾರಾಯ್ರೆ, ಈ ಮಳೆಗೆ ಹತ್ತಿ ಎಂತ ಮಾಡ್ತೀರಿ, ಇಳೀರಿ" ಎಂದು ಕೂಗುತ್ತಿದ್ದರು. ಅವರ ಮಾತೇ ಸರಿ. ಒದ್ದೆಯಾಗುವುದು ಬಿಟ್ಟರೆ ಮೇಲೆ ಮಾಡುವಂಥದ್ದು ಏನೂ ಇರಲಿಲ್ಲ. ಮಂಗಗಳ ಕಾಟ ಬೇರೆ. ಡಿಶ್ಶಿನ ತೋಳಿನ ಮೇಲೆ ಕೂತು ಜೀಕಿದರೆ ಕೋನ ತಪ್ಪಿತೆಂದೇ ಅರ್ಥ. ಮಳೆಯಿಲ್ಲ, ಮಂಗವಿಲ್ಲ, ಕರೆಂಟೂ ಇದೆ ಎನ್ನುವಾಗ ಸೂರ್ಯ ಅಡ್ಡ ಬರುತ್ತಿದ್ದ. ಮಾರ್ಚ್ ಮಧ್ಯಭಾಗದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕೆಲವು ದಿನ, ಮಧ್ಯಾಹ್ನದ ಹೊತ್ತಿಗೆ, ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬರುತ್ತಾನೆ. ಡಿಶ್ಶಿಗೆ ಅವನ ಗದ್ದಲದಲ್ಲಿ ಪಾಠ ಕೇಳಿಸುವುದಿಲ್ಲ. ಕೆಲವೇ ನಿಮಿಷ, ತಾನಾಗಿ ಸರಿಹೋಗುತ್ತದೆ. ಇದನ್ನು ಪ್ರಿನ್ಸಿಪಾಲರಿಗೆ ವಿವರಿಸಿದಾಗ ಅವರು ತಲೆಯಾಡಿಸಿದರು, ನಂಬಲಿಲ್ಲ. ಮಾರನೆಯ ದಿನ ತಾವೇ ಗಡಿಯಾರ ಹಿಡಿದು ಬಂದು ಕೂತರು.

ಕಾರ್ಯಕ್ರಮಗಳ ಪಟ್ಟಿ ಮೊದಲೇ ಬರುತ್ತಿತ್ತು. ಅದಕ್ಕೆ ಸರಿಯಾಗಿ ನಮ್ಮ ಟೈಮ್‌ಟೇಬಲ್ ಬಗ್ಗುತ್ತಿರಲಿಲ್ಲ. ಅಲ್ಲಿ ಮೂರನೇ ಯೂನಿಟ್ ನಡೆಯುವಾಗ ಇಲ್ಲಿ ಇನ್ನೂ ಒಂದನೇದು. ಸಂದೇಹ ಕೇಳಲು ಅವಕಾಶವಿತ್ತು, ನಾವು ಹೆಚ್ಚಾಗಿ ನೆಚ್ಚಿಕೊಂಡದ್ದು ಫೋನನ್ನು. ರಾಜ್ಯದ ಕಾಲೇಜುಗಳೆಲ್ಲ ಒಟ್ಟಿಗೆ ಡಯಲ್ ಮಾಡುವಾಗ ಲೈನು ಸಿಕ್ಕುವುದೇ ಕಷ್ಟ. ಸಿಕ್ಕರೆ ಹುಡುಗರು ರಿಸೀವರ್ ಹಿಡಿಯಲು ನಾಚಿಕೊಂಡು ಒಬ್ಬರನ್ನೊಬ್ಬರು ನೂಕುತ್ತಿದ್ದರು. ಕತ್ತಲೆ ಕೋಣೆ, ಮಧ್ಯಾಹ್ನದ ಊಟವಾದ ಮೇಲಿನ ಹೊತ್ತು. 'ನಿದ್ದೆ ಕ್ಲಾಸು' ಎಂಬ ಹೆಸರು ಬೀಳಲು ತಡವಾಗಲಿಲ್ಲ. ಎಜುಸ್ಯಾಟ್ ಸೋತಿತು ಎನ್ನುವವರು ಈ ನಿದ್ದೆಯನ್ನು ನೋಡಿ ಹೇಳುತ್ತಾರೆ. ನಾನು ನಿಲ್ಲುತ್ತಿದ್ದದ್ದು ಕೋಣೆಯ ಹಿಂಬದಿಯಲ್ಲಿ, ಪ್ರೊಜೆಕ್ಟರಿನ ಪಕ್ಕ. ಅಲ್ಲಿಂದ ಕಾಣುತ್ತಿದ್ದದ್ದೇ ಬೇರೆ.

ಕೊನೆಯ ಬೆಂಚಿನಲ್ಲಿ ನಮ್ಮ ಹೊಸ ಲೆಕ್ಚರರುಗಳು ಕೂತಿರುತ್ತಿದ್ದರು. ಹುಡುಗರ ಮೇಲೆ ಕಣ್ಣಿಡಲು ಎಂಬುದು ಅಧಿಕೃತ ಕಾರಣ. ಅವರ ಕೈಯಲ್ಲಿ ನೋಟ್‌ಬುಕ್ ಇರುತ್ತಿತ್ತು, ಮತ್ತು ತರಗತಿಯಲ್ಲಿ ಎಲ್ಲರಿಗಿಂತ ವೇಗವಾಗಿ ಬರೆದುಕೊಳ್ಳುತ್ತಿದ್ದವರು ಅವರೇ. ಒಬ್ಬ ಮೇಡಂ ನೆನಪಾಗುತ್ತಾರೆ. ಆಗಷ್ಟೇ ಸೇರಿದವರು, ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಅವರ ತಲೆಗೆ ಕಟ್ಟಿದ್ದರು. ಪರದೆಯ ಮೇಲೆ ಹಿರಿಯ ಪ್ರೊಫೆಸರರೊಬ್ಬರು ಕನ್ವೊಲ್ಯೂಷನ್ ಹೇಳಿಕೊಡುತ್ತಿದ್ದರು. ಸೂತ್ರ ಬರೆಯಲಿಲ್ಲ. ಎರಡು ಕಾಗದದ ಪಟ್ಟಿಗಳ ಮೇಲೆ ಅಂಕಿ ಬರೆದು, ಒಂದನ್ನು ಹಿಂದುಮುಂದಾಗಿ ತಿರುಗಿಸಿ, ಇನ್ನೊಂದರ ಕೆಳಗೆ ಒಂದೊಂದೇ ಮನೆ ಸರಿಸುತ್ತ ಎದುರುಬದುರು ಬಂದ ಅಂಕಿಗಳನ್ನು ಗುಣಿಸಿ ಕೂಡಿಸಿದರು. ಮೇಡಂ ತಮ್ಮ ನೋಟ್‌ಬುಕ್ಕಿನ ಹಾಳೆಯನ್ನು ಅಲ್ಲೇ ಉದ್ದಕ್ಕೆ ಹರಿದು, ಬೆಂಚಿನ ಮೇಲಿಟ್ಟು, ತಾವೂ ಸರಿಸತೊಡಗಿದರು. ಮುಂದಿನ ಬೆಂಚಿನ ಹುಡುಗರು ಹಿಂತಿರುಗಿ ನೋಡಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಆ ವಾರ ಅವರ ತರಗತಿಯ ಬಾಗಿಲ ಮುಂದೆ ಹಾದುಹೋದಾಗ ಬೋರ್ಡಿನ ಮೇಲೆ ಡ್ರಾಯಿಂಗ್ ಶೀಟಿನ ದೊಡ್ಡ ಪಟ್ಟಿಗಳನ್ನು ಅಂಟಿಸಿ ಪಾಠ ನಡೆಯುತ್ತಿತ್ತು. ನಮ್ಮಲ್ಲಿ ಸ್ಯಾಟಲೈಟ್ ಕ್ಲಾಸಿಗೊಂದು ಹಾಜರಾತಿ ರಿಜಿಸ್ಟರ್ ಇತ್ತು. ವಿದ್ಯಾರ್ಥಿಗಳ ಸಂಖ್ಯೆಗೆ ಕಾಲಂ ಇತ್ತು, ಕೊನೆಯ ಬೆಂಚಿನವರಿಗೆ ಇರಲಿಲ್ಲ. ಉಪಗ್ರಹದ ಫಲ ಎಷ್ಟು ಎಂದು ಕೇಳಿದಾಗಲೆಲ್ಲ ಆಫೀಸಿನವರು ಆ ರಿಜಿಸ್ಟರನ್ನೇ ಕೂಡಿಸಿ ಕೊಡುತ್ತಿದ್ದರು.

2010ರ ಸೆಪ್ಟೆಂಬರಿನಲ್ಲಿ ಎಜುಸ್ಯಾಟ್ ಕೆಲಸ ಮುಗಿಸಿತು. ಅಷ್ಟರಲ್ಲಿ ಎನ್‌ಪಿಟಿಇಎಲ್ ಪಾಠಗಳು ಹಾರ್ಡ್‌ಡಿಸ್ಕ್‌ಗಳಲ್ಲಿ ಬರಲು ಶುರುವಾಗಿ ಸಾಕಷ್ಟು ಕಾಲವಾಗಿತ್ತು. ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಯೋಜನೆ ಅದು. ಲೈಬ್ರರಿಯ ಸರ್ವರಿಗೆ ತುಂಬಿದರೆ ಯಾರು ಯಾವಾಗ ಬೇಕಾದರೂ ನೋಡಬಹುದು, ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು. ಮಳೆಯ ಹಂಗಿಲ್ಲ. ನನಗಂತೂ ಬಿಡುಗಡೆಯಾದಂತಾಯಿತು. ಲೆಕ್ಚರರುಗಳು ಒಬ್ಬೊಬ್ಬರಾಗಿ ಪೆನ್‌ಡ್ರೈವ್ ತಂದು, ಬೇಕಾದ ಪಾಠ ತುಂಬಿಸಿಕೊಂಡು ಮನೆಗೆ ಒಯ್ಯತೊಡಗಿದರು. ಕೆಲವರು "ಹುಡುಗರಿಗೆ ಹೇಳ್ಬೇಡಿ" ಎನ್ನುತ್ತಿದ್ದರು. ಹುಡುಗರೂ ಅದನ್ನೇ ನೋಡುತ್ತಿದ್ದರು. ಮೇಷ್ಟ್ರು ಎಲ್ಲಿಂದ ಉದಾಹರಣೆ ಎತ್ತಿದರು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಪಾಠವನ್ನು ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ, ಒಬ್ಬರಿಗೊಬ್ಬರು ಕಾಣದಂತೆ ಕಲಿಯುವ ಈ ಏರ್ಪಾಡು ನನಗೆ ಅಷ್ಟು ಹಿಡಿಸಲಿಲ್ಲ.

ನಡುವೆ ಒಂದು ಒಳ್ಳೆಯ ಕಾಲ ಬಂತು. ಐಐಟಿ ಬಾಂಬೆಯ ಪ್ರೊ. ದೀಪಕ್ ಫಾಟಕ್ ಮತ್ತು ಸಂಗಡಿಗರು ದೇಶದ ಇಂಜಿನಿಯರಿಂಗ್ ಮೇಷ್ಟ್ರುಗಳಿಗೇ ದೂರದಿಂದ ಪಾಠ ಮಾಡುವ ಕಾರ್ಯಾಗಾರಗಳನ್ನು ನಡೆಸಿದರು. ಹತ್ತು ಸಾವಿರ ಮೇಷ್ಟ್ರುಗಳಿಗೆ ಎಂಬುದು ಅದರ ಹೆಸರಿನಲ್ಲೇ ಇತ್ತು. ಅಮೃತಾ ವಿಶ್ವವಿದ್ಯಾಲಯದವರು ರೂಪಿಸಿದ ಎ-ವ್ಯೂ ಎಂಬ ತಂತ್ರಾಂಶದ ಮೂಲಕ ನೇರಪ್ರಸಾರ, ಊರೂರಿನಲ್ಲಿ ರಿಮೋಟ್ ಸೆಂಟರು. ನಮ್ಮಲ್ಲೂ ಒಂದು ಕಾರ್ಯಾಗಾರ ನಡೆದಾಗ ಸುತ್ತಲಿನ ಕಾಲೇಜುಗಳ ಲೆಕ್ಚರರುಗಳು ಬಂದು ಬೆಂಚಿನ ಮೇಲೆ ಕೂತರು. ಬೆಂಚಿಗೆ ಅದೇನು ಗುಣವೋ, ಕೂತವರು ಹುಡುಗರಾಗಿಬಿಡುತ್ತಾರೆ. ತಡವಾಗಿ ಬರುವುದು, ಪಕ್ಕದವರ ಅಸೈನ್‌ಮೆಂಟ್ ಇಣುಕುವುದು, ಟೀ ಯಾಕೆ ಬರಲಿಲ್ಲ ಎಂದು ಗೊಣಗುವುದು. ಆದರೆ ಕಾರ್ಡ್‌ಲೆಸ್ ಮೈಕು ಹಿಡಿದು ನಾನು ಬೆಂಚಿನಿಂದ ಬೆಂಚಿಗೆ ಓಡುವಷ್ಟು ಪ್ರಶ್ನೆಗಳೂ ಬಂದವು. ಸ್ಪೀಕರಿನ ಸದ್ದು ಮೈಕಿಗೆ ನುಗ್ಗಿ ಕೂಗಿಡದಂತೆ ಪ್ರಶ್ನೆ ಕೇಳುವಾಗ ಸ್ಪೀಕರ್ ಆರಿಸಬೇಕು, ಉತ್ತರಕ್ಕೆ ಮತ್ತೆ ಹಾಕಬೇಕು. ಆ ವಾರ ನನ್ನ ಬಲಗೈ ಸ್ವಿಚ್ಚಿನ ಮೇಲೇ ಇತ್ತು.

2014ರಿಂದ ಎನ್‌ಪಿಟಿಇಎಲ್ ಸರ್ಟಿಫಿಕೇಟು, 2017ರಲ್ಲಿ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲ್ ಬಂದವು. ಕಲಿಕೆಗಿಂತ ಸರ್ಟಿಫಿಕೇಟಿನ ಲ್ಯಾಮಿನೇಷನ್ನಿಗೆ ಹೆಚ್ಚು ಓಡಾಟ ಕಂಡಿದ್ದೇನೆ, ಅಷ್ಟು ಹೇಳಿದರೆ ಸಾಕು.

2020ರ ಮಾರ್ಚ್ ಕೊನೆಯಲ್ಲಿ ಎಲ್ಲರೂ ಮನೆ ಸೇರಿದಾಗ ನನ್ನ ಫೋನು ಎ.ವಿ. ರೂಮಾಯಿತು. ಬೆಳಿಗ್ಗೆ ಎಂಟಕ್ಕೆ ಶುರು: "ಸಾರ್, ನನ್ನ ಸ್ಕ್ರೀನು ಅವರಿಗೆ ಕಾಣ್ತಾ ಇಲ್ವಂತೆ." ನಿವೃತ್ತಿಗೆ ಹತ್ತಿರವಿದ್ದ ಗಣಿತದ ಪ್ರೊಫೆಸರರೊಬ್ಬರು ಮನೆಯ ಗೋಡೆಗೆ ಕರಿಹಲಗೆ ಹೊಡೆಸಿ, ಮೊಬೈಲನ್ನು ಕುಕ್ಕರಿಗೆ ಒರಗಿಸಿ ಪಾಠ ಮಾಡಿದರು. ಹುಡುಗರು ಗುಡ್ಡ ಹತ್ತಿ ಸಿಗ್ನಲ್ ಹುಡುಕಿದ ಸುದ್ದಿ ಪೇಪರಿನಲ್ಲಿ ಬಂತು. ಗುಡ್ಡ ಹತ್ತಿದರೂ ಅವರ ಮುಖ ಯಾರಿಗೂ ಕಾಣಲಿಲ್ಲ. ಪರದೆಯ ತುಂಬ ಹೆಸರಿನ ಮೊದಲ ಅಕ್ಷರಗಳು. "ಅರ್ಥ ಆಯ್ತಾ?" ಎಂದು ಕೇಳಿ ಉತ್ತರಕ್ಕೆ ಕಾಯುವ ಅಭ್ಯಾಸ ಆ ವರ್ಷ ಅನೇಕರಿಗೆ ಬಿಟ್ಟುಹೋಯಿತು, ಇನ್ನೂ ಮರಳಿಲ್ಲ.

ಈಗ ಎ.ವಿ. ರೂಮಿದ್ದ ಜಾಗದಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇದೆ. ಹಸಿರು ಬಟ್ಟೆ, ಎಲ್‌ಇಡಿ ದೀಪ, ಸದ್ದು ಹೀರುವ ಫೋಮು. ಕಾಗದದ ಪಟ್ಟಿಯ ಮೇಡಂ ಈಗ ಎಚ್‌ಒಡಿ. ಹೋದ ವರ್ಷ ಅವರ ಕೋರ್ಸಿನ ರೆಕಾರ್ಡಿಂಗ್ ಶುರುವಾದಾಗ ಖಾಲಿ ಕ್ಯಾಮೆರಾ ನೋಡಿಕೊಂಡು ತಮಗೆ ಮಾತೇ ಹೊರಡುವುದಿಲ್ಲ ಎಂದು ಹೇಳಿ ಮೂವರು ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡರು. ಆ ವಿದ್ಯಾರ್ಥಿಗಳ ಹಿಂದೆ ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್ ಒಬ್ಬರು ಕುರ್ಚಿ ಎಳೆದುಕೊಂಡು ಕೂತರು. ಪಟ್ಟಿ ಸರಿಸುವಾಗ ನಡುವೆ ಒಬ್ಬ ಹುಡುಗಿ, ತಿರುಗಿಸುವುದು ಇದನ್ನೇ ಯಾಕೆ, ಆ ಪಟ್ಟಿಯನ್ನು ತಿರುಗಿಸಿದರೆ ಉತ್ತರ ಬದಲಾಗುತ್ತದೆಯೇ ಎಂದು ಕೇಳಿದಳು. ಮೇಡಂ ಅದನ್ನೂ ತಿರುಗಿಸಿ ತೋರಿಸಿದರು. ಉತ್ತರ ಅದೇ ಬಂತು. ಎಡಿಟಿಂಗ್ ಮಾಡುವ ಹುಡುಗ, ಹುಡುಗಿಗೆ ಮೈಕು ಇಲ್ಲ, ದನಿ ಸಣ್ಣದು, ಅಷ್ಟು ಭಾಗ ತೆಗೆದುಬಿಡೋಣವೇ ಎಂದ. ಬೇಡ ಎಂದರು ಮೇಡಂ. ಮಾರನೆಯ ದಿನದಿಂದ ಎದುರಿನ ಬೆಂಚಿಗೂ ಒಂದು ಮೈಕು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೊಂದು ಕೇಬಲ್ ಬೇಕೆಂದು ಆಫೀಸಿಗೆ ಇಂಡೆಂಟ್ ಹಾಕಿದ್ದೇನೆ, ಸಹಿ ಇನ್ನೂ ಆಗಿಲ್ಲ.