ಮಾರುತ್‌ನ ನೆರಳಿನಲ್ಲಿ ಮೂವರು ಪೈಲಟ್‌ಗಳು

ಬೆಂಗಳೂರಿನ ಟ್ರಿನಿಟಿ ವೃತ್ತದಿಂದ ಪೂರ್ವಕ್ಕೆ ಹೊರಟು ದೊಮ್ಮಲೂರು, ಮುರುಗೇಶಪಾಳ್ಯಗಳನ್ನು ದಾಟಿ ಮಾರತ್ತಹಳ್ಳಿಯ ಕಡೆಗೆ ಸಾಗುವ ರಸ್ತೆಗೆ ಇಂದಿಗೂ ಜನ ‘ಏರ್‌ಪೋರ್ಟ್ ರಸ್ತೆ’ ಎಂದೇ ಹೇಳುತ್ತಾರೆ. ಊರಿನ ನಾಗರಿಕ ವಿಮಾನಗಳು 2008ರ ಮೇ ತಿಂಗಳಿನಲ್ಲಿಯೇ ದೇವನಹಳ್ಳಿಗೆ ಹೋದವು. ಆದರೆ ರಸ್ತೆಯ ಬದಿಯ ಎಚ್‌ಎಎಲ್ ರನ್‌ವೇ ನಿದ್ದೆ ಹೋಗಿಲ್ಲ. ಹೊಸ ವಿಮಾನಗಳ ಪರೀಕ್ಷಾ ಹಾರಾಟ ಅಲ್ಲಿ ನಡೆಯುತ್ತಲೇ ಇದೆ. 2001ರ ಜನವರಿ 4ರಂದು ತೇಜಸ್ ವಿಮಾನ ಮೊದಲ ಬಾರಿ ಆಕಾಶಕ್ಕೆ ಏರಿದ್ದೂ ಈ ನೆಲದಿಂದಲೇ.

ಅದೇ 2001ರಲ್ಲಿ, ಅದೇ ರಸ್ತೆಯಲ್ಲಿ ಎಚ್‌ಎಎಲ್ ವಸ್ತುಸಂಗ್ರಹಾಲಯ ಆರಂಭವಾಯಿತು. ಒಳಗೆ ಕಾಲಿಟ್ಟರೆ ರಸ್ತೆಯ ಗದ್ದಲ ಹಿಂದೆ ಸರಿಯುತ್ತದೆ. ಮರಗಳ ನಡುವೆ, ಹುಲ್ಲುಹಾಸಿನ ಮೇಲೆ, ಒಂದು ಕಾಲದಲ್ಲಿ ಗುಡುಗಿದ ವಿಮಾನಗಳು ಮಾತಿಲ್ಲದೆ ನಿಂತಿವೆ. ಮಕ್ಕಳು ಅವುಗಳ ಹೊಟ್ಟೆಯ ಕೆಳಗೆ ನುಸುಳುತ್ತಾರೆ, ತಂದೆ ತಾಯಿಯರು ಫೋಟೋ ತೆಗೆಯುತ್ತಾರೆ. ವಿಮಾನಗಳು ಮಾತಾಡದಿದ್ದರೇನು, ಅವುಗಳನ್ನು ಹಾರಿಸಿದವರು ಮಾತಾಡುತ್ತಾರೆ.

ರಜೆಯ ದಿನವೊಂದರ ಬೆಳಗ್ಗೆ ಮಾರುತ್ ವಿಮಾನದ ಹತ್ತಿರದ ಬೆಂಚಿನ ಮೇಲೆ ಹಾಗೆ ಮೂವರು ಕುಳಿತಿದ್ದರು. ಮೂವರೂ ವಾಯುಪಡೆಯ ನಿವೃತ್ತ ಪೈಲಟ್‌ಗಳು. ಹಿರಿಯರಿಗೆ ಎಂಬತ್ತು ದಾಟಿದೆ, ಧಾರವಾಡದ ಕಡೆಯವರು, ಮಾರುತ್ ಹಾರಿಸಿದವರು. ಎರಡನೆಯವರು ಕೊಡಗಿನವರು, ಕ್ಯಾನ್‌ಬೆರಾ ಬಾಂಬರ್ ವಿಮಾನದವರು. ಮೂರನೆಯವರು ಮೈಸೂರಿನವರು, ಮಿಗ್-21 ಹಾರಿಸಿದವರು. ಮೈಸೂರಿನವರ ಜೊತೆಯಲ್ಲಿ ಮಗಳೂ ದ್ವಿತೀಯ ಪಿಯುಸಿ ಓದುವ ಮೊಮ್ಮಗಳೂ ಬಂದಿದ್ದರು.

ಯಾರ ವಿಮಾನ ದೊಡ್ಡದು?

ಕಾಫಿ ಬರುವ ಮೊದಲೇ ಜಗಳ ಆರಂಭವಾಯಿತು.

“ಏ ತಮ್ಮಾ, ನಿನ್ನ ಮಿಗ್‌ಗೆ ಇರೋದು ಒಂದ ಎಂಜಿನ್. ಅದು ನಿಂತ್ರ ಸೀಟಿನ ಸಮೇತ ಹೊರಗ ಜಿಗೀಬೇಕು. ನಮ್ಮ ಮಾರುತ್‌ಗೆ ಎರಡು ಅದಾವ. ಒಂದು ಕೈಕೊಟ್ರೂ ಇನ್ನೊಂದು ಮನೀಗೆ ಮುಟ್ಟಸ್ತದ” ಎಂದರು ಧಾರವಾಡದವರು.

“ಎರಡಿದ್ದು ಏನು ಬಂತು ಸಾರ್? ಎರಡೂ ಸೇರಿ ನೂಕಿದರೂ ಶಬ್ದದ ವೇಗ ಮುಟ್ಟೋಕೆ ತಿಣುಕಾಡ್ತಿತ್ತು. ನಮ್ಮದು ಒಂದೇ ಆದರೂ ಅದರ ಎರಡರಷ್ಟು ವೇಗ” ಎಂದು ಮೈಸೂರಿನವರು ಮರುನುಡಿದರು.

ಕೊಡಗಿನವರು ಮೀಸೆಯಲ್ಲೇ ನಕ್ಕರು. “ನೀವಿಬ್ಬರೂ ಹಾರಿ, ಕಾಫಿ ಆರೋದರೊಳಗೆ ಇಳಿಯೋ ಜನ. ಇಂಧನ ಮುಗೀತು ಅಂತ ಓಡಿ ಬರೋರು. ನಾವು ಹೊರಟರೆ ಊಟದ ಹೊತ್ತಿಗೇ ವಾಪಸು.”

“ದಾರಿ ತೋರಿಸೋಕೆ ಹಿಂದೆ ಒಬ್ಬ ನ್ಯಾವಿಗೇಟರ್ ಕೂರಿಸಿಕೊಂಡು ಹೋಗೋರು ನೀವು. ಅದನ್ನ ಹಾರಾಟ ಅಂತಾರಾ?” ಎಂದು ಮಿಗ್‌ನವರು ಅವರನ್ನೂ ಬಿಡಲಿಲ್ಲ.

ಈ ತಮಾಷೆಯ ಹಿಂದೆ ಇರುವುದೆಲ್ಲ ವಿಜ್ಞಾನವೇ. ಕ್ಯಾನ್‌ಬೆರಾದ ರೆಕ್ಕೆಯ ಹರವು ಸುಮಾರು 19.5 ಮೀಟರ್. ಅಗಲವಾದ ಆ ರೆಕ್ಕೆ ತೆಳುವಾದ ಗಾಳಿಯಲ್ಲೂ ವಿಮಾನವನ್ನು ಎತ್ತಿ ಹಿಡಿಯುತ್ತದೆ. ಹಾಗಾಗಿ ಅದು 14 ಕಿಲೋಮೀಟರಿಗೂ ಹೆಚ್ಚು ಎತ್ತರಕ್ಕೆ ಹೋಗಬಲ್ಲುದಾಗಿತ್ತು. ಅಲ್ಲಿ ಗಾಳಿಯ ಒತ್ತಡ ನೆಲದ ಮಟ್ಟದ ಏಳರಲ್ಲಿ ಒಂದು ಭಾಗಕ್ಕೂ ಕಡಿಮೆ. 1957ರಲ್ಲಿ ನಮ್ಮ ವಾಯುಪಡೆಗೆ ಬಂದ ಕ್ಯಾನ್‌ಬೆರಾ 2007ರವರೆಗೆ, ಅಂದರೆ ಪೂರ್ತಿ ಐವತ್ತು ವರ್ಷ, ಸೇವೆಯಲ್ಲಿತ್ತು. ಇನ್ನೊಂದು ಸ್ವಾರಸ್ಯವೆಂದರೆ, ಇದನ್ನು ರೂಪಿಸಿದ ಇಂಗ್ಲೆಂಡಿನ ಪೆಟ್ಟರ್ ಎಂಬ ವಿನ್ಯಾಸಕಾರನೇ ಪುಟಾಣಿ ನ್ಯಾಟ್ ವಿಮಾನವನ್ನೂ ರೂಪಿಸಿದ. ನ್ಯಾಟ್‌ನ ರೆಕ್ಕೆಯ ಹರವು 6.7 ಮೀಟರ್ ಮಾತ್ರ. ಗಾತ್ರ ಚಿಕ್ಕದಾದಷ್ಟೂ ಶತ್ರುವಿನ ಕಣ್ಣಿಗೆ ಬೀಳುವುದು ಕಷ್ಟ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಒಂಟಿಯಾಗಿ ಹೋರಾಡಿ ಮಡಿದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸುತ್ತಿದ್ದುದು ಇದೇ ನ್ಯಾಟ್. ವಾಯುಪಡೆಯಲ್ಲಿ ಪರಮವೀರ ಚಕ್ರ ಪಡೆದವರು ಅವರೊಬ್ಬರೇ. ಅದೇ ದಿನ ಢಾಕಾದಲ್ಲಿ ಗವರ್ನರ್ ಭವನದ ಮೇಲೆ ದಾಳಿ ಮಾಡಿದ್ದು ಮಿಗ್-21 ವಿಮಾನಗಳು.

ಬಯಸಿದ ಎಂಜಿನ್ ಸಿಗದ ವಿಮಾನ

ಧಾರವಾಡದವರು ಎದ್ದು ಹೋಗಿ ಮಾರುತ್‌ನ ಮೈಮೇಲೆ ಕೈಯಿಟ್ಟರು. “ಇದರ ಸೊಂಟ ನೋಡವ್ವಾ” ಎಂದು ಹುಡುಗಿಯನ್ನು ಕರೆದರು. ರೆಕ್ಕೆ ಸೇರುವ ಜಾಗದಲ್ಲಿ ವಿಮಾನದ ಒಡಲು ಹಳೆಯ ಸೋಡಾ ಬಾಟಲಿಯಂತೆ ಒಳಗೆ ಸೊರಗಿದೆ. ಶಬ್ದದ ವೇಗ ಸಮೀಪಿಸಿದಾಗ ಗಾಳಿ ಎದುರಿನಿಂದ ಬಲವಾಗಿ ತಡೆಯೊಡ್ಡುತ್ತದೆ. ಮೂತಿಯಿಂದ ಬಾಲದವರೆಗೆ ವಿಮಾನದ ಅಡ್ಡಳತೆ ಥಟ್ಟನೆ ಹಿಗ್ಗಿ ಕುಗ್ಗದಂತೆ ನೋಡಿಕೊಂಡರೆ ಆ ತಡೆ ಕಡಿಮೆಯಾಗುತ್ತದೆ. ರೆಕ್ಕೆ ಹೊರಗೆ ಚಾಚಿದ ಕಡೆ ಒಡಲನ್ನು ಒಳಗೆ ಒತ್ತುವುದು ಇದೇ ಕಾರಣಕ್ಕೆ.

ಇದನ್ನು ವಿನ್ಯಾಸಗೊಳಿಸಿದವರು ಜರ್ಮನಿಯ ಕರ್ಟ್ ಟ್ಯಾಂಕ್. ಎರಡನೆಯ ಮಹಾಯುದ್ಧದ ಫೋಕ್-ವುಲ್ಫ್ 190 ಯುದ್ಧವಿಮಾನ ಅವರದೇ ಕೃತಿ. 1956ರಲ್ಲಿ ಬೆಂಗಳೂರಿಗೆ ಬಂದ ಅವರು, ಮೊದಲು ವಿಮಾನದ ಪೂರ್ಣ ಗಾತ್ರದ ಮರದ ಗ್ಲೈಡರ್ ಮಾಡಿಸಿದರು. 1959ರಲ್ಲಿ ಡಕೋಟಾ ವಿಮಾನ ಅದನ್ನು ಎಳೆದುಕೊಂಡು ಮೇಲೇರಿತು. ಎಂಜಿನ್ ಇಲ್ಲದೆಯೇ ವಿಮಾನದ ಗುಣದೋಷಗಳನ್ನು ಅರಿಯುವ ಉಪಾಯವದು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ಮಾರುತ್ ಅನ್ನು ಮೊದಲ ಸಲ ಹಾರಿಸಿದರು.

“ಹಂಗಾದ್ರ ಅಜ್ಜಾ, ವೇಗ ಯಾಕೆ ಬರಲಿಲ್ಲ?” ಎಂದು ಹುಡುಗಿ ಅವರ ಧಾಟಿಯಲ್ಲೇ ಕೇಳಿದಾಗ ಎಲ್ಲರೂ ನಕ್ಕರು.

ಉತ್ತರದಲ್ಲಿ ನಗುವಿರಲಿಲ್ಲ. ಶಬ್ದದ ಎರಡರಷ್ಟು ವೇಗವನ್ನು ಗುರಿಯಾಗಿಟ್ಟು ರೂಪಿಸಿದ ವಿಮಾನವದು. ಅದಕ್ಕೆಂದು ನೆಚ್ಚಿಕೊಂಡಿದ್ದ ಹೆಚ್ಚು ಶಕ್ತಿಯ ಬ್ರಿಟಿಷ್ ಎಂಜಿನ್ನಿನ ಅಭಿವೃದ್ಧಿಯೇ ನಿಂತುಹೋಯಿತು. ಕೊನೆಗೆ ಕೈಗೆ ಸಿಕ್ಕ ಆರ್ಫಿಯಸ್ 703 ಎಂಜಿನ್ನುಗಳನ್ನೇ ಜೋಡಿಸಬೇಕಾಯಿತು. ಒಂದೊಂದರ ನೂಕುಬಲ ಸುಮಾರು 2,200 ಕಿಲೋಗ್ರಾಂ. “ಪೈಲ್ವಾನನ ಮೈಯೊಳಗ ಸಣ್ಣ ಹುಡುಗನ ಗುಂಡಿಗಿ ಇಟ್ಟಂಗಾತು” ಎಂದರು ಹಿರಿಯರು. ಆದರೂ 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಒಂದು ಎಂಜಿನ್ ಕೈಕೊಟ್ಟ ಮೇಲೂ ಇನ್ನೊಂದರ ಬಲದಿಂದ ಮರಳಿ ಬಂದ ಮಾರುತ್‌ಗಳಿವೆ. ಅವರ ಹೆಮ್ಮೆ ಬರೀ ಬಾಯಿಮಾತಿನದಲ್ಲ.

ಒಂದು ಸೆಕೆಂಡಿನ ಲೆಕ್ಕ

ಮಿಗ್-21ರ ಸರದಿ ಬಂತು. 1963ರಲ್ಲಿ ವಾಯುಪಡೆ ಸೇರಿದ ಈ ವಿಮಾನಕ್ಕೆ 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ವಿದಾಯ ಹೇಳಲಾಯಿತು. ಅರವತ್ತೆರಡು ವರ್ಷದ ಸೇವೆ. ಅದರ ತ್ರಿಕೋನಾಕಾರದ ಪುಟ್ಟ ರೆಕ್ಕೆ ವೇಗಕ್ಕೆ ಹೇಳಿ ಮಾಡಿಸಿದ್ದು. ಆದರೆ ನಿಧಾನಕ್ಕೆ ಹೋದರೆ ಅಂಥ ರೆಕ್ಕೆ ಸಾಕಷ್ಟು ಮೇಲೆತ್ತುವ ಬಲ ಕೊಡುವುದಿಲ್ಲ. ಆದ್ದರಿಂದ ನೆಲಕ್ಕೆ ಇಳಿಯುವಾಗಲೂ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚಿನ ವೇಗ ಬೇಕು.

“ಗಂಟೆಗೆ 300 ಅಂದರೆ ಸೆಕೆಂಡಿಗೆ ಎಷ್ಟು?” ಎಂದು ಮೈಸೂರಿನ ತಾತ ಮೊಮ್ಮಗಳನ್ನು ಕೇಳಿದರು.

“3.6ರಿಂದ ಭಾಗಿಸಿದರೆ... 83 ಮೀಟರ್, ತಾತ.”

“ಒಂದು ಸೆಕೆಂಡು ತಡಮಾಡಿದರೆ ರನ್‌ವೇಯಲ್ಲಿ 83 ಮೀಟರ್ ಹೋಯಿತು. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟು. ಅದನ್ನೆಲ್ಲ ಬ್ರೇಕು ನುಂಗಬೇಕು. ಅದು ಸಾಲದು ಅಂತ ಬಾಲದಲ್ಲಿ ಒಂದು ಪ್ಯಾರಾಶೂಟ್.”

ಹುಡುಗಿಯ ಕಣ್ಣು ಅರಳಿತ್ತು. ಎನ್‌ಡಿಎ ಪರೀಕ್ಷೆಗೆ ಅರ್ಜಿ ಹಾಕುವುದೆಂದು ಅವಳು ಮನೆಯಲ್ಲಿ ಹೇಳಿ ತಿಂಗಳಾಗಿತ್ತು. ತಾಯಿ ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ. ಅಷ್ಟು ಹೊತ್ತೂ ಸುಮ್ಮನಿದ್ದ ಆಕೆ ಈಗ ಬಾಯಿ ತೆರೆದರು.

“ಅಪ್ಪಾ, ಬರೀ ತಮಾಷೆ ಹೇಳ್ತೀರಿ. ನಾನು ಚಿಕ್ಕವಳಿದ್ದಾಗ ಏನಾಗ್ತಿತ್ತು ಅನ್ನೋದನ್ನೂ ಹೇಳಿ ಅವಳಿಗೆ. ವಿಮಾನ ಬಿತ್ತು ಅಂತ ಸುದ್ದಿ ಬಂದರೆ ಅಮ್ಮ ಕ್ವಾರ್ಟರ್ಸಿನ ಕಿಟಕಿ ಹತ್ತಿರ ನಿಂತುಬಿಡ್ತಿದ್ದರು. ಜೀಪು ಯಾರ ಮನೆ ಮುಂದೆ ನಿಲ್ಲುತ್ತೋ ಅಂತ. ನಿಮ್ಮ ಜೊತೆಯವರಲ್ಲಿ ಎಷ್ಟು ಜನ ಇಲ್ಲ ಅಪ್ಪಾ?”

ಬೆಂಚು ಮೌನವಾಯಿತು. ಮೈಸೂರಿನವರು ಬೆರಳು ಮಡಚುತ್ತ ಹೋದರು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಾಗ ನಿಲ್ಲಿಸಿದರು.

ಹೆಸರಾಗಿ ಉಳಿದ ರಸ್ತೆ

“ನೀವು ಬಂದ ದಾರಿ ಹೆಸರೇನವ್ವಾ?” ಎಂದು ಧಾರವಾಡದವರು ಮೆಲ್ಲಗೆ ಕೇಳಿದರು. ಹಳೆ ಮದ್ರಾಸ್ ರಸ್ತೆಯಿಂದ ಅವರು ಬಂದದ್ದು ಸುರಂಜನ್ ದಾಸ್ ರಸ್ತೆಯಲ್ಲಿ. ಮಾರುತ್‌ನ ಮೊದಲ ಹಾರಾಟ ನಡೆಸಿದ ಅದೇ ದಾಸ್. 1964ರ ಸೆಪ್ಟೆಂಬರಿನಲ್ಲಿ ಕಿರಣ್ ತರಬೇತಿ ವಿಮಾನವನ್ನೂ ಮೊದಲು ಹಾರಿಸಿದವರು ಅವರೇ. 1970ರ ಜನವರಿ 10ರಂದು ಮಾರುತ್‌ನ ಸುಧಾರಿತ ಮಾದರಿಯ ಹಾರಾಟದಲ್ಲಿ, ಇದೇ ಬೆಂಗಳೂರಿನಲ್ಲಿ, ಅವರು ಪ್ರಾಣ ಕಳೆದುಕೊಂಡರು. ದಿನವೂ ಸಾವಿರಾರು ಜನ ಆ ರಸ್ತೆಯಲ್ಲಿ ಓಡಾಡುತ್ತಾರೆ. ಹೆಸರು ಯಾರದೆಂದು ಕೇಳುವವರು ಕಡಿಮೆ.

“ಸುಳ್ಳು ಹೇಳೋದಿಲ್ಲ ಮಗಳೇ” ಎಂದರು ಮೈಸೂರಿನವರು. “ಎಲ್ಲ ಅಪಘಾತಕ್ಕೂ ವಿಮಾನವೇ ಕಾರಣ ಅಲ್ಲ. ಹದ್ದು ಬಡಿದು ಎಂಜಿನ್ ನಿಂತದ್ದುಂಟು. ಹುಡುಗರಿಗೆ ಅನುಭವ ಸಾಲದೆ ಹೋದದ್ದೂ ಉಂಟು. ಕಿರಣ್ ಸೈಕಲ್ ಇದ್ದ ಹಾಗೆ. ಮಗ್ಗುಲಲ್ಲೇ ಮೇಷ್ಟ್ರು ಕೂತಿರ್ತಿದ್ದರು. ಅದಾದ ಮೇಲೆ ಕುದುರೆ ಏರಬೇಕಿತ್ತು. ನಡುವಿನ ಒಂದು ಮೆಟ್ಟಿಲು ಸರಿಯಾಗಿ ಇರಲಿಲ್ಲ.”

ಆ ಮೆಟ್ಟಿಲು ಬೇಕೆಂದು 1982ರಲ್ಲಿಯೇ ಲಾ ಫಾಂಟೇನ್ ಸಮಿತಿ ಹೇಳಿತ್ತು. ಹಾಕ್ ತರಬೇತಿ ಜೆಟ್‌ಗಳ ಒಪ್ಪಂದವಾದದ್ದು 2004ರಲ್ಲಿ. ಅವು ಬೀದರಿನ ವಾಯುನೆಲೆಯಲ್ಲಿ ಸೇವೆಗೆ ಸೇರಿದ್ದು 2008ರಲ್ಲಿ. ಒಂದು ಸರಿಯಾದ ಸಲಹೆ ನೆಲ ಮುಟ್ಟಲು ಕಾಲು ಶತಮಾನ ಬೇಕಾಯಿತು. ಆಮೇಲೆ ಹಾಕ್ ವಿಮಾನಗಳು ಬೆಂಗಳೂರಿನ ಎಚ್‌ಎಎಲ್‌ನಲ್ಲಿಯೇ ತಯಾರಾದವು. 2016ರ ಜೂನ್ 18ರಂದು ದುಂಡಿಗಲ್‌ನಲ್ಲಿ ಅಧಿಕಾರಿಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ನಮ್ಮ ಮೊದಲ ಮಹಿಳಾ ಯುದ್ಧವಿಮಾನ ಪೈಲಟ್‌ಗಳು. ಅವರು ಮುಂದಿನ ತರಬೇತಿ ಪಡೆದದ್ದು ಬೀದರಿನಲ್ಲಿ, ಹಾಕ್ ವಿಮಾನದ ಮೇಲೆ. 2018ರ ಫೆಬ್ರವರಿಯಲ್ಲಿ ಅವನಿ ಒಬ್ಬಂಟಿಯಾಗಿ ಹಾರಿಸಿದ್ದು ಇದೇ ತಾತನ ಮಿಗ್-21ರ ಸುಧಾರಿತ ರೂಪವನ್ನು.

“ಆಸೆ ಇದ್ದರೆ ಸಾಲದು” ಎಂದು ಕೊಡಗಿನವರು ಹುಡುಗಿಯ ಕಡೆ ತಿರುಗಿದರು. ವಾಯುಪಡೆ ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಎನ್‌ಡಿಎ ಪರೀಕ್ಷೆ ಬರೆಯಬಹುದು. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಲಿಖಿತ ಪರೀಕ್ಷೆಯಾದ ಮೇಲೆ ಆಯ್ಕೆ ಮಂಡಳಿಯ ಸಂದರ್ಶನ. ಅಂಥ ಮಂಡಳಿಯೊಂದು ಮೈಸೂರಿನಲ್ಲೇ ಇದೆ. ಅಲ್ಲಿ ಪೈಲಟ್ ಆಗುವವರಿಗೆಂದೇ ನಡೆಸುವ ಯಂತ್ರಪರೀಕ್ಷೆಯಲ್ಲಿ ಒಮ್ಮೆ ನಪಾಸಾದರೆ ಮತ್ತೆ ಅವಕಾಶವಿಲ್ಲ. ಎನ್‌ಡಿಎ ಬಾಗಿಲು ಹುಡುಗಿಯರಿಗೆ ತೆರೆದದ್ದು ಇತ್ತೀಚೆಗೆ. ಅವರ ಮೊದಲ ತಂಡ ಅಲ್ಲಿಂದ ಹೊರಬಿದ್ದದ್ದು 2025ರ ಮೇ ತಿಂಗಳಿನಲ್ಲಿ.

ತಾಯಿ ಸ್ವಲ್ಪ ಹೊತ್ತು ಮಾರುತ್‌ನ ಕಡೆ ನೋಡುತ್ತ ಕುಳಿತರು. “ಅರ್ಜಿ ಹಾಕಲಿ” ಎಂದರು ಕೊನೆಗೆ. “ಆದರೆ ಪಿಯುಸಿ ಅಂಕ ಕಡಿಮೆಯಾದರೆ ಮಾತ್ರ ನಾನು ಸುಮ್ಮನಿರೋದಿಲ್ಲ. ಸಿಗದೇ ಹೋದರೆ ವಿಮಾನ ಕಟ್ಟೋದನ್ನ ಕಲಿಯಲಿ. ಒಳ್ಳೇ ಎಂಜಿನ್ ಮಾಡೋರು ಇದ್ದಿದ್ದರೆ ಈ ಅಜ್ಜನ ವಿಮಾನ ಹೀಗೆ ಅರ್ಧಕ್ಕೆ ನಿಲ್ತಿರಲಿಲ್ಲ.”

“ಬರೋಬ್ಬರಿ ಹೇಳಿದಿ ನೋಡವ್ವಾ” ಎಂದರು ಧಾರವಾಡದವರು. ಅವರ ಕೈ ಇನ್ನೂ ವಿಮಾನದ ಮೇಲೇ ಇತ್ತು.

ಅಷ್ಟರಲ್ಲಿ ರನ್‌ವೇ ಕಡೆಯಿಂದ ಗುಡುಗಿನ ಸದ್ದು ಕೇಳಿಸಿತು. ಮೂವರು ಮುದುಕರೂ ಒಟ್ಟಿಗೇ ತಲೆಯೆತ್ತಿದರು. ಒಬ್ಬರು ತೇಜಸ್ ಎಂದರು, ಇನ್ನೊಬ್ಬರು ಜಾಗ್ವಾರ್ ಎಂದರು. ಕೊಡಗಿನವರು ಇಬ್ಬರಿಗೂ ಕಿವಿ ಕೆಟ್ಟಿದೆ ಎಂದರು. ಮರಗಳ ಮರೆಯಿಂದ ವಿಮಾನ ಹೊರಗೆ ಬರುವ ಮೊದಲೇ ಜಗಳ ಮತ್ತೆ ಆರಂಭವಾಗಿತ್ತು. ಕಾಫಿ ಆರಿಹೋಗಿತ್ತು.