ಕುಲಾವಿ ಹೊಲಿಯುವ ಮುನ್ನ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಎಂದು ನಮ್ಮ ಹಿರಿಯರು ಆತುರಗಾರರನ್ನು ಕಂಡು ನಗುತ್ತಿದ್ದರು. ಇಂದಿನ ಮನೆಗಳಲ್ಲಿ ಆ ನಗೆಗೆ ಎಡೆಯಿಲ್ಲ. ಕೂಸು ಬರುವ ಎಷ್ಟೋ ದಿನ ಮೊದಲೇ ಕುಲಾವಿಯ ಜೊತೆಗೆ ತೊಟ್ಟಿಲು, ಸೊಳ್ಳೆಪರದೆ, ಸ್ನಾನದ ಟಬ್ಬು, ಬಗೆಬಗೆಯ ಉಡುಪುಗಳು ಬಂದು ಕುಳಿತಿರುತ್ತವೆ. ಸೀಮಂತದ ದಿನ ಬಸುರಿಗೆ ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಬಯಕೆಯ ಅಡುಗೆ ಉಣಿಸುತ್ತೇವೆ. ಹೆಣ್ಣೋ ಗಂಡೋ ಎಂದು ತಮಾಷೆ ಮಾಡುತ್ತೇವೆ. ಹೆಸರಿನ ಬಗ್ಗೆ ಚರ್ಚಿಸುತ್ತೇವೆ. ಆದರೆ ಪ್ರಿಯ ಓದುಗರೇ, ಹೆರಿಗೆಯಾದ ಮೂರನೆಯ ರಾತ್ರಿ ಹೇಗಿರುತ್ತದೆ ಎಂಬುದನ್ನು ಆ ಹೆಣ್ಣುಮಗಳಿಗೆ ನಮ್ಮಲ್ಲಿ ಯಾರಾದರೂ ಹೇಳಿದ್ದುಂಟೇ?

ನಾನು ಇಬ್ಬರು ಮಕ್ಕಳ ತಾಯಿ, ಈಗ ಒಂದು ಮೊಮ್ಮಗುವಿನ ಅಜ್ಜಿ. ತವರಿನಲ್ಲಿ, ನೆರೆಹೊರೆಯಲ್ಲಿ, ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲಿ ಹಲವಾರು ಬಾಣಂತಿಯರ ಕೋಣೆಗೆ ಹೋಗಿ ಬಂದವಳು. ಮೊದಲೇ ಏನು ತಿಳಿದಿದ್ದರೆ ಚೆನ್ನಾಗಿತ್ತು ಎಂದು ಎಳೆಯ ದಂಪತಿಗಳನ್ನು ಕೇಳಿದಾಗ ಕೊಳ್ಳಬೇಕಾಗಿದ್ದ ವಸ್ತುವಿನ ಹೆಸರನ್ನು ಯಾರೂ ಹೇಳಿದ್ದಿಲ್ಲ. ಮಗು ಇಷ್ಟು ಅಳುತ್ತದೆಂದು ಗೊತ್ತಿರಲಿಲ್ಲ ಎನ್ನುತ್ತಾರೆ. ಮನೆ ತುಂಬ ಜನರಿದ್ದರೂ ಒಂಟಿಯೆನಿಸುತ್ತಿತ್ತು ಎನ್ನುತ್ತಾರೆ. ಮಗುವನ್ನು ಕಂಡ ಕ್ಷಣವೇ ಮಮತೆ ಉಕ್ಕಿ ಹರಿಯಲಿಲ್ಲವಲ್ಲ, ನಾನೆಂಥ ತಾಯಿ ಎಂದು ತಗ್ಗಿದ ದನಿಯಲ್ಲಿ ಕೇಳಿದವರೂ ಉಂಟು. ಬಸುರಿಯನ್ನು ಹೆದರಿಸಬಾರದೆಂಬ ಸದುದ್ದೇಶದಿಂದ ಹಿರಿಯರು ಈ ಸಂಗತಿಗಳನ್ನು ಮುಚ್ಚಿಡುತ್ತಾರೆ. ಆದರೆ ತಿಳಿದು ಎದುರಿಸುವ ಕಷ್ಟಕ್ಕಿಂತ ತಿಳಿಯದೆ ಎದುರಾಗುವ ಕಷ್ಟವೇ ಹೆಚ್ಚು ಹೆದರಿಸುತ್ತದೆ.

ಮೊದಲಿಗೆ ಹಾಲಿನ ಮಾತು. ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ಸಿಗಬೇಕೆಂದು ವೈದ್ಯರು ಹೇಳುತ್ತಾರೆ. ಆಗ ಬರುವುದು ಹಳದಿ ಬಣ್ಣದ ಗಟ್ಟಿಯಾದ ಗಿಣ್ಣುಹಾಲು. ಅದರ ಪ್ರಮಾಣ ಚಮಚಗಳ ಲೆಕ್ಕದ್ದು. ಹಿಂದೆ ಇದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುತ್ತಿದ್ದ ಮನೆಗಳಿದ್ದವು. ರೋಗಗಳಿಂದ ಮಗುವನ್ನು ಕಾಯುವ ಶಕ್ತಿ ತುಂಬಿರುವುದು ಅದರಲ್ಲಿಯೇ. ಹಾಲು ಧಾರಾಳವಾಗಿ ಇಳಿಯುವುದು ಸಾಮಾನ್ಯವಾಗಿ ಮೂರನೆಯ ಇಲ್ಲವೇ ನಾಲ್ಕನೆಯ ದಿನ. ಅಷ್ಟರಲ್ಲಿ ಮಗುವಿನ ತೂಕ ತುಸು ಇಳಿದಿರುತ್ತದೆ. ಮೂರು ಕಿಲೋ ತೂಗಿದ ಕೂಸು ಇನ್ನೂರು ಗ್ರಾಂ ಕಳೆದುಕೊಂಡರೆ ಅದು ಪ್ರಕೃತಿಯ ನಡೆಯೇ ಹೊರತು ತಾಯಿಯ ಕೊರತೆಯಲ್ಲ. ಸುಮಾರು ಎರಡು ವಾರಗಳಲ್ಲಿ ಮಗು ಆ ತೂಕವನ್ನು ಮರಳಿ ಪಡೆಯುತ್ತದೆ. ಇದನ್ನರಿಯದ ಮನೆಯಲ್ಲಿ ಎರಡನೆಯ ದಿನವೇ ‘ಹಾಲು ಸಾಲದು’ ಎಂಬ ಮಾತು ಹುಟ್ಟುತ್ತದೆ, ಸಂಜೆಯೊಳಗೆ ಪುಡಿಹಾಲಿನ ಡಬ್ಬಿ ಬರುತ್ತದೆ, ಬಾಣಂತಿಯ ಆತ್ಮವಿಶ್ವಾಸ ಕುಗ್ಗುತ್ತದೆ. ಒಂದು ವಾರದ ಮಗು ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಾ, ತೂಕವನ್ನೂ ಕೂಡಿಸಿಕೊಳ್ಳುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡ, ಬೇಸಗೆಯಲ್ಲಿ ಕೂಡ ಬೇಡ. ಯಾವುದೋ ಕಾರಣಕ್ಕೆ ಹಾಲು ನಿಜವಾಗಿ ಸಾಲದೆ ಹೋಗಿ ವೈದ್ಯರು ಬೇರೆ ಹಾಲನ್ನು ಸೂಚಿಸಿದರೆ ಅದನ್ನು ಸೋಲೆಂದು ಭಾವಿಸುವ ಅಗತ್ಯವೂ ಇಲ್ಲ.

ಎರಡನೆಯದು ಅಳು. ಹುಟ್ಟಿದ ಎರಡು ವಾರಗಳ ನಂತರ ಶಿಶುವಿನ ಅಳು ದಿನದಿಂದ ದಿನಕ್ಕೆ ಹೆಚ್ಚುತ್ತದೆ, ಆರರಿಂದ ಎಂಟನೆಯ ವಾರದ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ, ಮೂರು ನಾಲ್ಕು ತಿಂಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಅದರಲ್ಲೂ ದೀಪ ಹಚ್ಚುವ ಹೊತ್ತಿನ ಅಳು ಹೆಚ್ಚು. ಹೊಟ್ಟೆ ತುಂಬಿದೆ, ಬಟ್ಟೆ ಒಣಗಿದೆ, ಮೈ ಬೆಚ್ಚಗಿದೆ, ಆದರೂ ಅಳು. ದೃಷ್ಟಿಯಾಯಿತೆಂದು ಒಬ್ಬರು, ತಾಯಿ ತಿಂದದ್ದು ಸರಿಯಿಲ್ಲವೆಂದು ಇನ್ನೊಬ್ಬರು. ಈ ವಾರಗಳ ಲೆಕ್ಕವನ್ನು ಮೊದಲೇ ಬಲ್ಲ ತಾಯಿ ‘ಇದು ಕಳೆಯುತ್ತದೆ’ ಎಂದು ಉಸಿರು ಬಿಡಬಲ್ಲಳು. ತಾಳ್ಮೆ ತಪ್ಪಿತೆನಿಸಿದಾಗ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಬಂದು ನಿಲ್ಲುವುದರಲ್ಲಿ ತಪ್ಪೇನಿಲ್ಲ. ಎಂಥ ಕೋಪದಲ್ಲೂ ಮಗುವನ್ನು ಹಿಡಿದು ಜೋರಾಗಿ ಅಲುಗಿಸಬಾರದು. ಅದರಿಂದ ಎಳೆಯ ಮಿದುಳಿಗೆ ಪ್ರಾಣಾಪಾಯವಾದೀತು.

ನಿದ್ದೆಯದೂ ಇದೇ ಕಥೆ. ನವಜಾತ ಶಿಶು ದಿನಕ್ಕೆ ಹದಿನಾಲ್ಕರಿಂದ ಹದಿನೇಳು ಗಂಟೆ ನಿದ್ರಿಸುತ್ತದೆಂದು ಕೇಳಿದವರು ಸುಖವೆಂದು ಭಾವಿಸುತ್ತಾರೆ. ಆ ನಿದ್ದೆ ಎರಡು ಮೂರು ಗಂಟೆಗಳ ತುಂಡುಗಳಲ್ಲಿ ಬರುತ್ತದೆ, ಹಗಲು ರಾತ್ರಿಯ ಭೇದ ಅದಕ್ಕಿಲ್ಲ ಎಂಬುದನ್ನು ಹೇಳುವವರಿಲ್ಲ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಎಂಟರಿಂದ ಹನ್ನೆರಡು ಬಾರಿ ಹಾಲೂಡಿಸುವ ಹೆಣ್ಣಿಗೆ ಒಂದು ರಾತ್ರಿಯೂ ಪೂರ್ತಿಯಾಗಿ ದೊರೆಯದು. ಹೀಗಾಗಿ ಬಾಣಂತಿಗೆ ಕೊಡಬಹುದಾದ ಅತ್ಯಮೂಲ್ಯ ಉಡುಗೊರೆ ಎಂದರೆ ಹಗಲಿನಲ್ಲಿ ಯಾರೂ ಎಬ್ಬಿಸದ ಎರಡು ಗಂಟೆಗಳ ನಿದ್ದೆ.

ನಮ್ಮ ನಾಡಿನ ಬಾಣಂತನ ಎಂಬ ಪದ್ಧತಿ ಹುಟ್ಟಿದ್ದೇ ಈ ವಿಶ್ರಾಂತಿಗಾಗಿ ಎಂದು ನಾನು ನಂಬಿದ್ದೇನೆ. ಹೆತ್ತ ಮಗಳು ತವರಿನಲ್ಲಿ ತಿಂಗಳುಗಟ್ಟಲೆ ಉಳಿಯುವುದು, ಎಣ್ಣೆ ನೀವಿ ಬಿಸಿನೀರು ಹೊಯ್ಯುವುದು, ಹಂಡೆಯ ಒಲೆಯಿಂದ ಅಡುಗೆಯ ಒಲೆಯವರೆಗೆ ಯಾವ ಕೆಲಸವನ್ನೂ ಮುಟ್ಟಗೊಡದಿರುವುದು, ಇವೆಲ್ಲ ಬಹಳ ವಿವೇಕದ ಏರ್ಪಾಡುಗಳು. ಅವನ್ನು ಉಳಿಸಿಕೊಳ್ಳೋಣ. ಆದರೆ ಹೊಟ್ಟೆ ದಪ್ಪವಾಗುತ್ತದೆಂದು ಬಾಣಂತಿಗೆ ಕುಡಿಯುವ ನೀರನ್ನೇ ಅಳೆದು ಕೊಡುವುದು, ಮೆಣಸಿನ ಸಾರು ಅನ್ನವಲ್ಲದೆ ಹಣ್ಣು ತರಕಾರಿಗಳನ್ನು ದೂರವಿಡುವುದು ವಿವೇಕವಲ್ಲ. ಹಾಲೂಡಿಸುವ ದೇಹ ನೀರನ್ನೂ ಪೌಷ್ಟಿಕ ಆಹಾರವನ್ನೂ ಹೆಚ್ಚಾಗಿಯೇ ಬೇಡುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಹೊಗೆ ಹಾಕುವುದು ತಾಯಿ ಮಗು ಇಬ್ಬರ ಉಸಿರಿಗೂ ಅಪಾಯ. ಮಗುವಿನ ಕಿವಿ ಮೂಗಿಗೆ ಎಣ್ಣೆ ಬಿಡುವುದು, ಕಣ್ಣಿಗೆ ಕಾಡಿಗೆ ಹಚ್ಚುವುದು, ಹೊಕ್ಕುಳಿಗೆ ಪುಡಿ ಉದುರಿಸುವುದು ಬೇಡ. ನಾಲಿಗೆಗೆ ಜೇನು ಸವರುವುದಂತೂ ಒಂದು ವರ್ಷ ತುಂಬುವವರೆಗೆ ಸರ್ವಥಾ ಕೂಡದು. ಹಿರಿಯರನ್ನು ಗೌರವಿಸುತ್ತಲೇ ಅವರ ಕೆಲವು ರೂಢಿಗಳನ್ನು ನಯವಾಗಿ ಬಿಡಬಹುದು. ಸರ್ಕಾರದ ವ್ಯವಸ್ಥೆಯಲ್ಲಿ ಆಶಾ ಕಾರ್ಯಕರ್ತೆ ಹೆರಿಗೆಯ ನಂತರದ 42 ದಿನಗಳಲ್ಲಿ ಆರು ಬಾರಿ ಮನೆಗೆ ಬಂದು ನೋಡಬೇಕೆಂಬ ನಿಯಮವಿದೆ. ಹಿರಿಯರೊಡನೆ ವಾದಿಸಲಾರದ ಸೊಸೆಯಂದಿರು ಆಕೆಯ ಬಾಯಿಂದಲೇ ಈ ಮಾತುಗಳನ್ನು ಹೇಳಿಸಬಹುದು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ನನ್ನ ಮೊದಲ ಹೆರಿಗೆಯಾದ ನಾಲ್ಕನೆಯ ದಿನ ಯಾವ ಕಾರಣವೂ ಇಲ್ಲದೆ ನನಗೆ ಅಳು ಬಂದಿತು. ಮಗು ಆರೋಗ್ಯವಾಗಿತ್ತು, ಮನೆಯವರೆಲ್ಲರೂ ಸಂತೋಷದಿಂದಿದ್ದರು. ನೋಡಲು ಬಂದವರು ನೇರವಾಗಿ ತೊಟ್ಟಿಲ ಬಳಿಗೆ ಹೋಗಿ, ಮೂಗು ಯಾರದು ಕಣ್ಣು ಯಾರದು ಎಂದು ಹೋಲಿಸಿ, ಕಾಫಿ ಕುಡಿದು ಹೊರಡುತ್ತಿದ್ದರು. ನಾನು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದೆ. ಅಂದು ಹಳ್ಳಿಯಿಂದ ನನ್ನ ಚಿಕ್ಕಮ್ಮ ಬಂದಳು. ಕೈಕಾಲು ತೊಳೆದು ಬಂದವಳು ತೊಟ್ಟಿಲನ್ನು ದಾಟಿ ನನ್ನ ಮಂಚದ ಅಂಚಿನಲ್ಲಿ ಕುಳಿತು, “ಕೂಸನ್ನು ಆಮೇಲೆ ನೋಡ್ತೀನಿ ಕಣೇ, ಮೊದಲು ನೀನು ಹೇಗಿದ್ದೀಯ ಹೇಳು. ರಾತ್ರಿ ಕಣ್ಣು ಮುಚ್ಚಿದೆಯಾ?” ಎಂದು ಕೇಳಿದಳು. ನಾನು ಉತ್ತರಿಸಲಿಲ್ಲ, ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಅವಳು ಸಮಾಧಾನದ ದೊಡ್ಡ ಮಾತುಗಳನ್ನೇನೂ ಆಡಲಿಲ್ಲ. “ನನಗೂ ಹೀಗೇ ಆಗಿತ್ತು. ಆಗ ಯಾರಿಗೂ ಹೇಳಲಿಲ್ಲ” ಎಂದಷ್ಟೇ ಹೇಳಿ ತಲೆ ಸವರುತ್ತಾ ಕುಳಿತಳು. ಆ ಎರಡು ವಾಕ್ಯಗಳು ನನ್ನನ್ನು ಎಬ್ಬಿಸಿ ಕೂರಿಸಿದವು.

ಹೆರಿಗೆಯಾದ ಮೂರು ನಾಲ್ಕನೆಯ ದಿನದ ಸುಮಾರಿಗೆ ಬರುವ ಈ ಅಳು ಬಹುಪಾಲು ತಾಯಂದಿರನ್ನು ತಾಕುತ್ತದೆ. ದೇಹದಲ್ಲಿ ಬಸಿರಿನ ಕಾಲದ ಹಾರ್ಮೋನುಗಳು ಒಮ್ಮೆಲೇ ಇಳಿಯುವುದೂ ನಿದ್ದೆಗೇಡೂ ಇದಕ್ಕೆ ಕಾರಣಗಳಾಗಿರುತ್ತವೆ. ಎರಡು ವಾರಗಳೊಳಗೆ ಇದು ಸಾಮಾನ್ಯವಾಗಿ ತಿಳಿಯಾಗುತ್ತದೆ. ಆದರೆ ಎರಡು ವಾರ ಕಳೆದರೂ ಮಂಕು ಹರಿಯದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಊಟ ಸೇರದೆ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಅದು ಖಿನ್ನತೆಯೆಂಬ ಕಾಯಿಲೆಯಾಗಿರಬಹುದು. ತನಗೋ ಮಗುವಿಗೋ ಹಾನಿ ಮಾಡಿಕೊಳ್ಳುವ ಯೋಚನೆ ಸುಳಿದರೆ, ಇಲ್ಲದ ದನಿಗಳು ಕೇಳಿಸಿದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ, 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ನೂರರಲ್ಲಿ ಸುಮಾರು 22 ತಾಯಂದಿರು ಹೆರಿಗೆಯ ನಂತರ ಖಿನ್ನತೆಗೆ ಒಳಗಾಗುತ್ತಾರೆಂದು ತಿಳಿಸಿತು. ಎಂದರೆ ಐವರಲ್ಲಿ ಒಬ್ಬಳು! ನಮ್ಮ ಬೀದಿಯಲ್ಲಿ, ನಮ್ಮ ದೇವಾಲಯದ ಬೆಂಚುಗಳಲ್ಲಿ ಆಕೆ ಇದ್ದಾಳೆ. ಅವಳನ್ನು ನಾವು ಸೋಮಾರಿ, ಹಟಮಾರಿ, ಮಗುವಿನ ಮೇಲೆ ಪ್ರೀತಿಯಿಲ್ಲದವಳು ಎಂದು ಕರೆದುಬಿಟ್ಟಿರುತ್ತೇವೆ.

ಇದಕ್ಕೆ ಚಿಕಿತ್ಸೆಯಿದೆ ಎಂಬುದು ನೆಮ್ಮದಿಯ ವಿಷಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಗುವನ್ನು ತಾಯಿಯಿಂದ ಬೇರ್ಪಡಿಸದೆ ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಂಡು ಉಪಚರಿಸುವ ತಾಯಿ-ಮಗು ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಾಲೂಡಿಸುವ ತಾಯಂದಿರಿಗೆ ಕೊಡಬಹುದಾದ ಔಷಧಗಳೂ ಇವೆ. ಅವನ್ನು ವೈದ್ಯರು ನಿರ್ಧರಿಸುತ್ತಾರೆ. ಪ್ರಾರ್ಥನೆ ಮನಸ್ಸಿಗೆ ಬಲ ತರುವುದು ನಿಜ, ಆದರೆ ಕಾಲು ಮುರಿದವರಿಗೆ ನಾವು ಪ್ರಾರ್ಥನೆಯ ಜೊತೆ ಪಟ್ಟಿಯನ್ನೂ ಕಟ್ಟಿಸುತ್ತೇವಷ್ಟೆ?

ತಂದೆಯಾದವನ ಮಾತನ್ನು ಬಿಟ್ಟರೆ ಈ ಬರಹ ಅಪೂರ್ಣ. ನನ್ನ ಪತಿ ಆ ದಿನಗಳಲ್ಲಿ ಶನಿವಾರದ ಬಸ್ಸಿಗೆ ಬಂದು ಭಾನುವಾರದ ಬಸ್ಸಿಗೆ ಹೊರಡುತ್ತಿದ್ದರು. ಹಣ್ಣಿನ ಚೀಲ ಹಿಡಿದು ಪಡಸಾಲೆಯಲ್ಲಿ ನೆಂಟರಂತೆ ಕುಳಿತಿರುತ್ತಿದ್ದರು. ಮಗುವನ್ನು ಎತ್ತಿಕೊಳ್ಳಲು ಕೈಚಾಚಿದರೆ “ನಿಮಗೆ ಬರುವುದಿಲ್ಲ ಬಿಡಿ ಅಳಿಯಂದಿರೇ” ಎಂದು ಮನೆಯ ಹೆಂಗಸರು ನಕ್ಕುಬಿಡುತ್ತಿದ್ದರು. ಮೊದಲ ಹೆರಿಗೆ ತವರಿನಲ್ಲಿ ಎಂಬ ಸಂಪ್ರದಾಯ ತಾಯಿಯನ್ನು ಕಾಯುತ್ತದೆ, ಆದರೆ ಕಲಿಯಬೇಕಾದ ದಿನಗಳಲ್ಲೇ ತಂದೆಯನ್ನು ದೂರವಿಡುತ್ತದೆ. ಇದನ್ನು ಮೊದಲೇ ಮಾತನಾಡಿಕೊಂಡ ದಂಪತಿಗಳು ಜಾಣರು. ನನ್ನ ಅಳಿಯ ಸಿಕ್ಕ ರಜೆಯನ್ನು ಕೂಡಿಸಿಕೊಂಡು ನಮ್ಮಲ್ಲೇ ಬಂದು ಉಳಿದ. ಮಗುವಿನ ಬಟ್ಟೆ ಒಗೆದ, ತೇಗು ಬರಿಸಲು ಭುಜದ ಮೇಲೆ ಹಾಕಿಕೊಂಡು ಅಂಗಳದಲ್ಲಿ ಓಡಾಡಿದ. ಕಂಡವರು ಮೊದಲು ನಕ್ಕರು, ಒಂದು ವಾರ ಕಳೆಯುವಷ್ಟರಲ್ಲಿ ಮೆಚ್ಚಿದರು. ಎದೆಹಾಲೊಂದನ್ನು ಬಿಟ್ಟು ಮಗುವಿನ ಯಾವ ಕೆಲಸವೂ ಗಂಡಸಿಗೆ ಬಾರದಿರುವಂಥದ್ದಲ್ಲ. ಉದ್ಯೋಗಸ್ಥ ತಾಯಂದಿರ ಹೆರಿಗೆ ರಜೆಯನ್ನು ಕಾನೂನು 2017ರಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು. ಸರ್ಕಾರಿ ನೌಕರಿಯಲ್ಲಿರುವ ತಂದೆಗೆ 15 ದಿನಗಳ ರಜೆಯುಂಟು. ಆ ದಿನಗಳನ್ನು ಸಿಹಿ ಹಂಚುವುದರಲ್ಲಿ ಕಳೆಯದೆ ರಾತ್ರಿ ಎದ್ದು ಕೂರುವುದಕ್ಕೆ ಮೀಸಲಿಟ್ಟರೆ ಮನೆಯ ಬುನಾದಿ ಗಟ್ಟಿಯಾಗುತ್ತದೆ.

ವಾತ್ಸಲ್ಯದ ಬಗೆಗೂ ಒಂದು ಮಾತು. ಕೆಲವರಿಗೆ ಅದು ಮೊದಲ ನೋಟದಲ್ಲೇ ಬರುತ್ತದೆ. ಎಷ್ಟೋ ಜನರಿಗೆ ವಾರಗಟ್ಟಲೆ ಎತ್ತಿ ಆಡಿಸಿ, ತೊಳೆದು ಒರೆಸಿದ ಮೇಲೆ, ಸುಮಾರು ಆರನೆಯ ವಾರದಲ್ಲಿ ಕೂಸು ಮುಖ ನೋಡಿ ಮೊದಲ ಬಾರಿಗೆ ನಕ್ಕ ಹೊತ್ತಿನಲ್ಲಿ ಬರುತ್ತದೆ. ಎರಡೂ ನಿಜವಾದ ಪ್ರೀತಿಯೇ. ಬಿತ್ತಿದ ಬೀಜಗಳೆಲ್ಲ ಒಂದೇ ದಿನ ಮೊಳೆಯುವುದಿಲ್ಲವಲ್ಲ!

ಆದ್ದರಿಂದ ಓದುಗ ಬಂಧುಗಳೇ, ಮುಂದಿನ ಸೀಮಂತಕ್ಕೆ ಹೋಗುವಾಗ ಬಳೆ ಹೂವುಗಳ ಜೊತೆಗೆ ಈ ನಾಲ್ಕು ಮಾತುಗಳನ್ನೂ ಒಯ್ಯಿರಿ. ಹಾಲು ಇಳಿಯಲು ಮೂರು ನಾಲ್ಕು ದಿನ ಬೇಕೆಂದು ಹೇಳಿ, ಅಳು ಎಂಟು ವಾರಗಳ ನಂತರ ತಗ್ಗುತ್ತದೆಂದು ಹೇಳಿ, ನಾಲ್ಕನೆಯ ದಿನ ನಿನಗೂ ಅಳು ಬಂದೀತು, ಆಗ ನನಗೆ ಫೋನು ಮಾಡು ಎಂದು ಹೇಳಿ. ಪಕ್ಕದಲ್ಲಿ ನಿಂತ ಗಂಡನಿಗೂ ಅದನ್ನೇ ಹೇಳಿ. ದೀಕ್ಷಾಸ್ನಾನದ ದಿನ ಚಿನ್ನದ ಸರ ತೊಡಿಸುವ ಜ್ಞಾನತಾಯಿಯರು ಅದಕ್ಕೂ ಮೊದಲೇ ಒಂದು ಮಧ್ಯಾಹ್ನ ಹೋಗಿ ಕೂಸನ್ನು ನೋಡಿಕೊಂಡು ತಾಯಿಯನ್ನು ಮಲಗಲು ಬಿಡಿ. ಬಾಣಂತಿಯ ಮನೆಗೆ ಹೋದಾಗ ತೊಟ್ಟಿಲಿಗೆ ಬಾಗುವ ಮೊದಲು ಮಂಚದ ಅಂಚಿನಲ್ಲಿ ಕುಳಿತು, “ನೀನು ಹೇಗಿದ್ದೀಯಮ್ಮಾ?” ಎಂದು ಕೇಳಿ. ಕೇಳಿದ ಮೇಲೆ ಗಡಿಯಾರ ನೋಡಬೇಡಿ. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ.